ಸೊಪ್ಪಿನ ಹೊಲದಲ್ಲಿ ರೋಗಾಣುಗಳ ಉಳಿವು: ಗ್ರಾಮ ಪಂಚಾಯಿತಿ ಸದಸ್ಯರು ಅರಿಯಬೇಕಾದ ಅಂಶಗಳು

ಗ್ರಾಮಗಳಲ್ಲಿ ವಾಂತಿಭೇದಿ ಪ್ರಕರಣಗಳು ಕಂಡುಬಂದಾಗ ಮೊದಲು ಪರಿಶೀಲನೆಗೆ ಒಳಗಾಗುವುದು ಕುಡಿಯುವ ನೀರಿನ ಕೊಳವೆ ಮತ್ತು ಮೇಲ್ತೊಟ್ಟಿ. ಇದು ಸರಿಯಾದ ಕ್ರಮವೇ ಆಗಿದೆ. ಆದರೆ ಅದೇ ರೋಗಾಣುಗಳು ಊಟದ ತಟ್ಟೆಯನ್ನು ತಲುಪಲು ಮತ್ತೊಂದು ದಾರಿಯೂ ಉಂಟು. ಅದು ಸೊಪ್ಪಿನ ಮಡಿ. ಊರಿನ ಚರಂಡಿ ಹೋಗಿ ಸೇರುವ ಹಳ್ಳದ ದಂಡೆಯಲ್ಲಿ ಬೆಳೆದ ಕೊತ್ತಂಬರಿ, ಪುದೀನ, ಮೆಂತ್ಯ ಸೊಪ್ಪುಗಳು ಅದೇ ಊರಿನ ಸಂತೆಗೆ ಬರುತ್ತವೆ. ಹೊಲದಲ್ಲಿ ಈ ರೋಗಾಣುಗಳು ಎಷ್ಟು ಕಾಲ, ಯಾವ ಕಾರಣದಿಂದ ಉಳಿಯುತ್ತವೆ ಮತ್ತು ಪಂಚಾಯಿತಿಯ ಮಟ್ಟದಲ್ಲಿ ಏನು ಮಾಡಲು ಸಾಧ್ಯ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಎಲೆಯ ಮೇಲೆ ಬದುಕುವ ಬಗೆ

ಇ. ಕೋಲೈನ ಅಪಾಯಕಾರಿ ಬಗೆಗಳು, ಸಾಲ್ಮೊನೆಲ್ಲಾ, ಶಿಗೆಲ್ಲಾ ಮುಂತಾದವು ಮೂಲತಃ ಮನುಷ್ಯರ ಅಥವಾ ಪ್ರಾಣಿಗಳ ಕರುಳಿನ ರೋಗಾಣುಗಳು. ಎಲೆ ಅವುಗಳ ಸ್ವಾಭಾವಿಕ ನೆಲೆಯಲ್ಲ. ಬಿಸಿಲಿನ ಅತಿನೇರಳೆ ಕಿರಣ, ಒಣಗುವಿಕೆ ಮತ್ತು ಆಹಾರದ ಕೊರತೆಯಿಂದ ಅವುಗಳಲ್ಲಿ ಬಹುಪಾಲು ಕೆಲವೇ ದಿನಗಳಲ್ಲಿ ಸಾಯುತ್ತವೆ. ಆದರೆ ಎಲ್ಲವೂ ಸಾಯುವುದಿಲ್ಲ. ಎಲೆಯ ನರಗಳ ಪಕ್ಕದ ತಗ್ಗು, ಉಸಿರಾಟದ ರಂಧ್ರ, ಹುಳು ಕಚ್ಚಿದ ಅಥವಾ ಕುಡುಗೋಲು ತಾಗಿದ ಅಂಚು ಇವು ತೇವವನ್ನೂ ನೆರಳನ್ನೂ ಒದಗಿಸುತ್ತವೆ. ಗಾಯಗೊಂಡ ಭಾಗದಿಂದ ಒಸರುವ ರಸ ಆಹಾರವಾಗುತ್ತದೆ. ಅಲ್ಲಿ ಗುಂಪುಗೂಡಿದ ರೋಗಾಣುಗಳ ಸುತ್ತ ತೆಳುವಾದ ಅಂಟುಪೊರೆ ಬೆಳೆದರೆ ಬಿಸಿಲಾಗಲಿ ತೊಳೆಯುವ ನೀರಾಗಲಿ ಅವುಗಳನ್ನು ಸುಲಭವಾಗಿ ತಲುಪುವುದಿಲ್ಲ.

ಆದ್ದರಿಂದ ಬಿರುಬಿಸಿಲಿನಲ್ಲಿ ರೋಗಾಣುಗಳ ಸಂಖ್ಯೆ ಬೇಗ ಇಳಿಯುತ್ತದೆ. ಮೋಡ ಕವಿದ, ತೇವ ತುಂಬಿದ ದಿನಗಳಲ್ಲಿ ನಿಧಾನವಾಗಿ ಇಳಿಯುತ್ತದೆ. ಮಳೆಗಾಲದಲ್ಲಿ ಮತ್ತೊಂದು ತೊಡಕಿದೆ. ಮಳೆಹನಿ ನೆಲಕ್ಕೆ ಬಡಿದಾಗ ಮಣ್ಣಿನ ಕಣಗಳು ಸಿಡಿದು ಕೆಳಗಿನ ಎಲೆಗಳಿಗೆ ಅಂಟುತ್ತವೆ. ತುಂತುರು ನೀರಾವರಿಯೂ ಇದೇ ಕೆಲಸ ಮಾಡುತ್ತದೆ. ಎಲೆಯ ಮೇಲೆ ಸತ್ತ ರೋಗಾಣುಗಳ ಜಾಗವನ್ನು ಮಣ್ಣಿನಲ್ಲಿ ಉಳಿದವು ಹೀಗೆ ಮತ್ತೆ ತುಂಬುತ್ತವೆ.

ಮಣ್ಣು ಮತ್ತು ಗೊಬ್ಬರ

ಎಲೆಗಿಂತ ಮಣ್ಣಿನಲ್ಲಿ ಉಳಿವು ದೀರ್ಘ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಹೊಲ ಪ್ರಯೋಗವೊಂದರಲ್ಲಿ, ಕಲುಷಿತ ಗೊಬ್ಬರ ಹಾಕಿದ ಮಣ್ಣಿನಲ್ಲಿ ಇ. ಕೋಲೈ ಒ157 ಎಂಬ ಬಗೆಯು 154ರಿಂದ 217 ದಿನಗಳವರೆಗೆ ಪತ್ತೆಯಾಯಿತು. ಅದೇ ಮಣ್ಣಿನಲ್ಲಿ ನೆಟ್ಟ ಲೆಟಿಸ್ ಸೊಪ್ಪಿನ ಮೇಲೆ 77 ದಿನ, ಕೊತ್ತಂಬರಿಯ ಕುಟುಂಬಕ್ಕೆ ಸೇರಿದ ಪಾರ್ಸ್ಲಿ ಸೊಪ್ಪಿನ ಮೇಲೆ 177 ದಿನಗಳವರೆಗೆ ಅದು ದೊರೆಯಿತು. ನಮ್ಮ ಕೊತ್ತಂಬರಿ, ಮೆಂತ್ಯ, ಹರಿವೆ ಸೊಪ್ಪುಗಳು ಸಾಮಾನ್ಯವಾಗಿ ಒಂದರಿಂದ ಒಂದೂವರೆ ತಿಂಗಳಲ್ಲಿ ಕೊಯ್ಲಿಗೆ ಬರುತ್ತವೆ. ಹವಾಮಾನ ಮತ್ತು ಮಣ್ಣಿಗೆ ತಕ್ಕಂತೆ ದಿನಗಳ ಲೆಕ್ಕ ಬದಲಾಗುವುದಾದರೂ, ಒಮ್ಮೆ ಹಾಕಿದ ಹಸಿ ಸಗಣಿಯ ಅಥವಾ ಶೌಚಗುಂಡಿಯ ಕೆಸರಿನ ಪರಿಣಾಮ ಆ ಬೆಳೆಗೆ ಮಾತ್ರವಲ್ಲದೆ ಮುಂದಿನ ಬೆಳೆಗಳಿಗೂ ಮುಟ್ಟಬಹುದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಚೆನ್ನಾಗಿ ಕಳಿತ ಗೊಬ್ಬರದ ವಿಷಯ ಬೇರೆ. ರಾಶಿಯ ಒಳಭಾಗ 55 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿನ ಬಿಸಿಯನ್ನು ಕೆಲದಿನಗಳ ಕಾಲ ಕಾಯ್ದುಕೊಂಡರೆ ಈ ರೋಗಾಣುಗಳು ನಾಶವಾಗುತ್ತವೆ. ರಾಶಿಯ ಹೊರಪದರ ಅಷ್ಟು ಬಿಸಿಯಾಗುವುದಿಲ್ಲವಾದ್ದರಿಂದ ಅದನ್ನು ಹಲವು ಬಾರಿ ಮಗುಚಬೇಕು. ವರ್ಷವಿಡೀ ಮಗುಚದೆ, ದಿನವೂ ಹೊಸ ಸಗಣಿ ಸುರಿಯುವ ತಿಪ್ಪೆಗೆ ಈ ಭರವಸೆ ಇಲ್ಲ. ಎರೆಗೊಬ್ಬರದ ತೊಟ್ಟಿಯೂ ಬಿಸಿಯಾಗುವುದಿಲ್ಲ. ಆದ್ದರಿಂದ ಅದಕ್ಕೆ ಹಾಕುವ ಸಗಣಿ ಮೊದಲೇ ಕಳಿತಿರಬೇಕು. ಅಮೆರಿಕದ ಸಾವಯವ ಕೃಷಿ ನಿಯಮದ ಪ್ರಕಾರ, ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಯಾದರೆ ಹಸಿ ಗೊಬ್ಬರ ಹಾಕಿದ 120 ದಿನಗಳ ಒಳಗೆ ಕೊಯ್ಲು ಮಾಡುವಂತಿಲ್ಲ.

ಎರಡು ಪ್ರಕರಣಗಳು

2006ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದು, ತೊಳೆದು, ಚೀಲದಲ್ಲಿ ತುಂಬಿ ಮಾರಿದ ಪಾಲಕ್ ಸೊಪ್ಪನ್ನು ಹಸಿಯಾಗಿ ತಿಂದು ಅಮೆರಿಕದ 26 ರಾಜ್ಯಗಳಲ್ಲಿ ಸುಮಾರು 200 ಜನ ಅಸ್ವಸ್ಥರಾದರು. ಮೂವರು ಮರಣ ಹೊಂದಿದರು. ಶಂಕಿತ ಹೊಲದ ಒಂದು ಮೈಲಿ ವ್ಯಾಪ್ತಿಯಲ್ಲಿ ದನಗಳ ಸಗಣಿ, ಕಾಡುಹಂದಿ ಮತ್ತು ಹೊಳೆಯ ನೀರಿನಲ್ಲಿ ಅದೇ ರೋಗಾಣು ದೊರೆಯಿತು. 2018ರಲ್ಲಿ ಅರಿಜೋನಾದ ಯೂಮಾ ಪ್ರದೇಶದ ಲೆಟಿಸ್ ಸೊಪ್ಪಿನಿಂದ 210 ಜನ ಅಸ್ವಸ್ಥರಾಗಿ ಐವರು ಮರಣ ಹೊಂದಿದರು. ಅಲ್ಲಿ ರೋಗಾಣು ಕಂಡುಬಂದುದು ನೀರಾವರಿ ಕಾಲುವೆಯ ನೀರಿನಲ್ಲಿ.

ಈ ಎರಡೂ ಪ್ರಕರಣಗಳಲ್ಲಿ ಸೊಪ್ಪನ್ನು ಬೇಯಿಸದೆ ತಿನ್ನಲಾಗಿತ್ತು. ಬಸ್ಸಾರು, ಮಸ್ಸೊಪ್ಪು, ಪಲ್ಯಗಳಲ್ಲಿ ಕುದಿತವೇ ರಕ್ಷಣೆ ನೀಡುತ್ತದೆ. ಆದರೆ ಕೋಸಂಬರಿ, ಪುದೀನ ಚಟ್ನಿ, ಸಾರಿನ ಮೇಲೆ ಉದುರಿಸುವ ಕೊತ್ತಂಬರಿ, ಉತ್ತರ ಕರ್ನಾಟಕದಲ್ಲಿ ರೊಟ್ಟಿಯೊಡನೆ ತಿನ್ನುವ ಹಸಿ ಮೆಂತ್ಯ ಮತ್ತು ಹಕ್ಕರಿಕೆ ಇವು ಬೆಂಕಿಯನ್ನು ಕಾಣುವುದೇ ಇಲ್ಲ. ಸೊಪ್ಪನ್ನು ತ್ಯಜಿಸಬೇಕೆಂಬುದು ಇದರ ಅರ್ಥವಲ್ಲ. ರಕ್ತಹೀನತೆ ವ್ಯಾಪಕವಾಗಿರುವಲ್ಲಿ ಸೊಪ್ಪು ಅಗತ್ಯ ಆಹಾರ. ಅದನ್ನು ಸುರಕ್ಷಿತವಾಗಿ ಬೆಳೆಯುವುದೇ ಇಲ್ಲಿನ ಪ್ರಶ್ನೆ.

ನೀರಿನ ವರದಿಯನ್ನು ಓದುವ ಬಗೆ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಜಲಮೂಲಗಳನ್ನು ಬಳಕೆಗೆ ಅನುಗುಣವಾಗಿ ‘ಎ’ಯಿಂದ ‘ಇ’ವರೆಗೆ ವರ್ಗೀಕರಿಸಿದೆ. ಸ್ನಾನಕ್ಕೆ ಯೋಗ್ಯವಾದ ‘ಬಿ’ ವರ್ಗದಲ್ಲಿ 100 ಮಿ.ಲೀ. ನೀರಿಗೆ ಕೋಲಿಫಾರ್ಮ್ ಸಂಖ್ಯೆ 500 ಮೀರಬಾರದು. ನೀರಾವರಿಗೆ ಸಂಬಂಧಿಸಿದ ‘ಇ’ ವರ್ಗದಲ್ಲಿ ಆಮ್ಲ-ಕ್ಷಾರ ಮಟ್ಟ, ಲವಣಾಂಶ, ಸೋಡಿಯಂ ಪ್ರಮಾಣ ಮತ್ತು ಬೋರಾನ್‌ಗಳಿಗೆ ಮಿತಿ ಇದೆ. ಕೋಲಿಫಾರ್ಮ್‌ಗೆ ಮಿತಿ ಇಲ್ಲ. ಈ ಮಾನದಂಡ ಬೆಳೆಯ ಮತ್ತು ಮಣ್ಣಿನ ಹಿತವನ್ನು ನೋಡುವಂಥದು. ಆದ್ದರಿಂದ ಕೆರೆಯ ನೀರು ‘ನೀರಾವರಿಗೆ ಯೋಗ್ಯ’ ಎಂಬ ವರದಿ ಬಂದ ಮಾತ್ರಕ್ಕೆ ಹಸಿಯಾಗಿ ತಿನ್ನುವ ಸೊಪ್ಪಿಗೆ ಆ ನೀರು ಸುರಕ್ಷಿತವೆಂದು ಸದಸ್ಯರು ಭಾವಿಸಬಾರದು. ಅಂತಹ ಬೆಳೆಗಳ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಸೂಚಿಸಿದ ಮಿತಿ 100 ಮಿ.ಲೀ.ಗೆ 1,000 ಮಲಮೂಲ ಕೋಲಿಫಾರ್ಮ್.

ಬೆಂಗಳೂರಿನ ಸಂಸ್ಕರಿತ ನೀರನ್ನು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿರುವ ಕೆ.ಸಿ. ವ್ಯಾಲಿ ಯೋಜನೆಯಲ್ಲಿಯೂ ಉದ್ದೇಶ ಅಂತರ್ಜಲ ಮರುಪೂರಣವೇ ಹೊರತು ಕೆರೆಯಿಂದ ನೇರವಾಗಿ ನೀರೆತ್ತಿ ಬೆಳೆಗೆ ಹಾಯಿಸುವುದಲ್ಲ.

ಒಂದೇ ತಡೆ ಸಾಲದು

ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ ಒಂದೇ ಮಿತಿಯನ್ನು ನೆಚ್ಚದೆ ಹಲವು ತಡೆಗಳನ್ನು ಜೋಡಿಸುವ ಕ್ರಮವನ್ನು ಮುಂದಿಡುತ್ತದೆ. ಅದರ ಅಂದಾಜಿನಂತೆ ಶುದ್ಧ ನೀರಿನಲ್ಲಿ ತೊಳೆಯುವುದರಿಂದ ರೋಗಾಣುಗಳು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತವೆ. ನೆಲಮಟ್ಟದ ಬೆಳೆಗೆ ಹನಿ ನೀರಾವರಿ ಅಳವಡಿಸಿದರೆ ನೂರನೇ ಒಂದು ಭಾಗಕ್ಕೆ. ಕೊನೆಯ ನೀರಿನ ನಂತರ ಕಳೆಯುವ ಪ್ರತಿ ಎರಡು ದಿನಕ್ಕೆ ಕನಿಷ್ಠ ಹತ್ತನೇ ಒಂದು ಭಾಗಕ್ಕೆ.

ಉದಾಹರಣೆಗೆ, ಒಂದು ಕಟ್ಟು ಸೊಪ್ಪಿನ ಮೇಲೆ 10,00,000 ರೋಗಾಣುಗಳು ಬೀಳುತ್ತಿದ್ದವೆಂದು ಭಾವಿಸೋಣ. ಕೇವಲ ತೊಳೆದರೆ 1,00,000 ಉಳಿಯುತ್ತವೆ. ಹನಿ ನೀರಾವರಿಯಿದ್ದರೆ ಬೀಳುವುದೇ 10,000. ಕೊಯ್ಲಿಗೆ ಎರಡು ದಿನ ಮೊದಲು ನೀರು ನಿಲ್ಲಿಸಿದರೆ 1,000. ನಂತರ ತೊಳೆದರೆ 100. ಶಿಗೆಲ್ಲಾದಂತಹ ರೋಗಾಣು ನೂರರೊಳಗಿನ ಸಂಖ್ಯೆಯಲ್ಲಿಯೂ ರೋಗ ತರಬಲ್ಲದು. ಹೀಗಾಗಿ ಇಷ್ಟೆಲ್ಲ ತಡೆಗಳ ನಂತರವೂ ಮೂಲದಲ್ಲಿಯೇ ನೀರನ್ನು ಶುದ್ಧಗೊಳಿಸುವ ಅಗತ್ಯ ಉಳಿಯುತ್ತದೆ. ಮತ್ತೊಂದೆಡೆ, ಕೊಯ್ದ ಕಟ್ಟುಗಳನ್ನು ಬಾಡದಿರಲೆಂದು ಹಳ್ಳದಲ್ಲಿ ಅದ್ದಿ ಸಂತೆಗೆ ಒಯ್ದರೆ ಹೊಲದಲ್ಲಿ ಪಾಲಿಸಿದ ಎಚ್ಚರಿಕೆಯೆಲ್ಲ ವ್ಯರ್ಥವಾಗುತ್ತದೆ.

ಗ್ರಾಮ ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

ಚರಂಡಿ ನೀರು ಬಳಸುವ ರೈತನನ್ನು ದೂರುವುದರಿಂದ ಪ್ರಯೋಜನವಿಲ್ಲ. ಬೇಸಿಗೆಯಲ್ಲಿ ಬತ್ತದೆ ಹರಿಯುವ ನೀರು ಅದೊಂದೇ ಆಗಿರುತ್ತದೆ. ಅದರಲ್ಲಿ ಸಾರಜನಕವೂ ಇರುತ್ತದೆ. ಆ ಚರಂಡಿಯನ್ನು ಕಟ್ಟಿಸಿ ಹಳ್ಳಕ್ಕೆ ಬಿಟ್ಟಿರುವುದು ಬಹುತೇಕ ಪಂಚಾಯಿತಿಯೇ. ಆದ್ದರಿಂದ ಪರಿಹಾರವೂ ಚರಂಡಿಯ ಬಾಯಿಯಿಂದಲೇ ಆರಂಭವಾಗಬೇಕು.

1. ಗ್ರಾಮದ ಚರಂಡಿಗಳು ಎಲ್ಲಿ ಕೊನೆಗೊಳ್ಳುತ್ತವೆ, ಅದರ ಕೆಳಭಾಗದಲ್ಲಿ ಯಾವ ಬೆಳೆ ಇದೆ ಎಂಬ ನಕ್ಷೆಯನ್ನು ಸಿದ್ಧಪಡಿಸುವುದು.

2. ಮನೆಗಳಿಗೆ ಬಚ್ಚಲುಗುಂಡಿ, ಚರಂಡಿಯ ಕೊನೆಗೆ ನೀರು ಹಲವು ದಿನ ನಿಲ್ಲುವ ತಿಳಿಗೊಳ ನಿರ್ಮಿಸುವ ಕಾಮಗಾರಿಗಳನ್ನು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಗೆ ಸೇರಿಸುವುದು. ಬೂದು ನೀರಿನ ನಿರ್ವಹಣೆ ಸ್ವಚ್ಛ ಭಾರತ್ ಗ್ರಾಮೀಣ ಯೋಜನೆಯ ಎರಡನೇ ಹಂತದ ಭಾಗವೇ ಆಗಿದೆ.

3. ಶೌಚಗುಂಡಿಯ ಕೆಸರನ್ನು ಟ್ಯಾಂಕರಿನಿಂದ ನೇರವಾಗಿ ಹೊಲಕ್ಕೆ ಸುರಿಯದಂತೆ ನೋಡಿಕೊಳ್ಳುವುದು. ಸಮೀಪದ ಸಂಸ್ಕರಣಾ ಘಟಕಕ್ಕೆ ಕಳುಹಿಸುವುದು. ದೇವನಹಳ್ಳಿಯಲ್ಲಿ 2015ರಲ್ಲಿಯೇ ಇಂತಹ ಘಟಕ ಆರಂಭವಾಗಿದೆ. ಅವಳಿ ಗುಂಡಿ ಶೌಚಾಲಯಗಳಲ್ಲಿ ತುಂಬಿದ ಗುಂಡಿಯನ್ನು ಕನಿಷ್ಠ ಒಂದು ವರ್ಷ ಮುಚ್ಚಿಡುವಂತೆ ತಿಳಿಸುವುದು.

4. ಸಂಶಯಾಸ್ಪದ ನೀರಿನ ಪಾತ್ರದಲ್ಲಿ ಹಸಿಯಾಗಿ ತಿನ್ನುವ ಸೊಪ್ಪಿನ ಬದಲು ಹೂವು, ಹಿಪ್ಪುನೇರಳೆ ಅಥವಾ ಬೇಯಿಸಿಯೇ ತಿನ್ನುವ ಧಾನ್ಯ ಬೆಳೆಯಲು ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳ ಮೂಲಕ ರೈತರಿಗೆ ಮಾರ್ಗದರ್ಶನ ಕೊಡಿಸುವುದು.

5. ಸಂತೆಕಟ್ಟೆಯಲ್ಲಿ ಸೊಪ್ಪು ತೊಳೆಯಲು ಮತ್ತು ಚಿಮುಕಿಸಲು ಕುಡಿಯುವ ನೀರಿನ ನಲ್ಲಿ ಒದಗಿಸುವುದು. ಬೆಳೆಗಾರರಿಗೆ ತಕ್ಷಣದ ಅನುಕೂಲ ನೀಡುವ ಮತ್ತು ವೆಚ್ಚ ಕಡಿಮೆಯಿರುವ ಕಾಮಗಾರಿ ಇದು.

6. ಶಾಲೆ ಮತ್ತು ಅಂಗನವಾಡಿಗಳಲ್ಲಿ ಕೊತ್ತಂಬರಿಯನ್ನು ಒಲೆಯಿಂದ ಇಳಿಸಿದ ಮೇಲೆ ಉದುರಿಸದೆ, ಸಾರು ಕುದಿಯುತ್ತಿರುವಾಗಲೇ ಹಾಕುವಂತೆ ಅಡುಗೆಯವರಿಗೆ ಸೂಚಿಸುವುದು.

ಮೇಲಿನವುಗಳಲ್ಲಿ ಕೊನೆಯ ಎರಡು ಕ್ರಮಗಳಿಗೆ ಹೊಸ ಯೋಜನೆಗಾಗಿ ಕಾಯಬೇಕಾಗಿಲ್ಲ. ಮೊದಲನೆಯದಾದ ಚರಂಡಿ ನಕ್ಷೆಯನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸದಸ್ಯರೊಡನೆ ಊರನ್ನು ಒಮ್ಮೆ ಸುತ್ತಿ ಸಿದ್ಧಪಡಿಸಬಹುದು. ಅದನ್ನು ಮುಂದಿನ ಗ್ರಾಮಸಭೆಯಲ್ಲಿ ಮಂಡಿಸಿ, ಉಳಿದ ಕಾಮಗಾರಿಗಳ ಆದ್ಯತೆಯನ್ನು ಬೆಳೆಗಾರರ ಸಮ್ಮುಖದಲ್ಲಿಯೇ ನಿರ್ಧರಿಸುವುದು ಸೂಕ್ತ.