ಎಸೆದವರ ಪಾಡು: ಜಾವಗಲ್ ಶ್ರೀನಾಥರ ವೃತ್ತಿಜೀವನ

ತಿಪಟೂರನ್ನು ಬಿಟ್ಟು ಪಶ್ಚಿಮಾಭಿಮುಖವಾಗಿ ಹೊರಟವನಿಗೆ ತುಮಕೂರು ಜಿಲ್ಲೆ ಎಲ್ಲಿ ಮುಗಿದು ಹಾಸನ ಜಿಲ್ಲೆ ಎಲ್ಲಿ ಮೊದಲಾಯಿತೆಂಬುದು ಹಾದಿಬದಿಯ ಫಲಕವನ್ನು ಓದದೆ ತಿಳಿಯುವಂತಿಲ್ಲ. ಕಂದಾಯ ಇಲಾಖೆಯವರು ಎಳೆದ ಆ ಗೆರೆಯನ್ನು ತೆಂಗು ಎಂದೂ ಮಾನ್ಯ ಮಾಡಿಲ್ಲ. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟಸಾಲುಗಳಲ್ಲಿ ಕಂಡ ಅವೇ ನೀಳ ಮರಗಳು, ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಮಲಗಿ ಒಳಗಿನ ನೀರು ಹಿಂಗಿ ಉಂಡೆ ಕೊಬ್ಬರಿಯಾಗುವ ಅವೇ ಕಾಯಿಗಳು, ಮಳೆ ತಪ್ಪಿದ ವರ್ಷ ಕೊಳವೆಬಾವಿಯ ಆಳವನ್ನೂ ಹರಾಜಿನ ದಿನ ಕ್ವಿಂಟಲಿನ ಧಾರಣೆಯನ್ನೂ ಕುರಿತು ನಡೆಯುವ ಅವೇ ಮಾತುಗಳು, ಅರಸೀಕೆರೆಯವರೆಗೂ ಅದರಾಚೆಗೂ ನಮ್ಮನ್ನು ಬಿಡದೆ ಹಿಂಬಾಲಿಸುತ್ತವೆ. ಆ ಅರಸೀಕೆರೆ ತಾಲ್ಲೂಕಿನಲ್ಲಿಯೇ, ಹಳೇಬೀಡಿಗೆ ಹೋಗುವ ದಾರಿಯಲ್ಲಿ, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವುಳ್ಳ ಜಾವಗಲ್ ಇದೆ. ದೇವಾಲಯವನ್ನು ನೋಡಬಂದ ವಿದ್ವಾಂಸರನ್ನೂ ದರ್ಗಾಕ್ಕೆ ಹರಕೆ ಹೊತ್ತು ಬಂದ ಭಕ್ತರನ್ನೂ ಬಿಟ್ಟರೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದಿದ್ದ ಈ ಊರಿನ ಹೆಸರು, 1991ರಿಂದ 2003ರವರೆಗೆ ಬ್ರಿಸ್ಬೇನಿನಿಂದ ಜೊಹಾನ್ಸ್‌ಬರ್ಗಿನವರೆಗೆ ಭಾರತ ತಂಡದ ವೇಗದ ಬೌಲರ್ ಶ್ರೀನಾಥರ ಹೆಸರಿನೊಡನೆ ಆಕಾಶವಾಣಿ, ದೂರದರ್ಶನಗಳ ಮೂಲಕ ಲೋಕಕ್ಕೆಲ್ಲ ಕೇಳಿಸುತ್ತಿತ್ತು.

ನಮ್ಮ ಸೀಮೆಯಲ್ಲಿ ಕ್ರಿಕೆಟ್ಟಿಗೆ ದೊಡ್ಡ ಇತಿಹಾಸವೇನೂ ಇಲ್ಲ. ಒಣಗಿ ಬಿದ್ದ ತೆಂಗಿನ ಮಟ್ಟೆಯನ್ನು ಮಚ್ಚಿನಿಂದ ಸವರಿ ಬ್ಯಾಟು ಮಾಡಿಕೊಂಡು, ಕೊಯ್ಲಾದ ರಾಗಿ ಹೊಲವನ್ನೋ ನೀರಿಲ್ಲದ ಕೆರೆಯಂಗಳವನ್ನೋ ಮೈದಾನವೆಂದು ಭಾವಿಸಿ ಆಡುವ ಹುಡುಗರು ಎಲ್ಲ ಊರುಗಳಲ್ಲಿಯೂ ಇದ್ದರು. ಆದರೆ ತೊಂಬತ್ತರ ದಶಕದಲ್ಲಿ ಆ ಹುಡುಗರ ಪೈಕಿ ಉದ್ದಕಾಲಿನವನೊಬ್ಬನು ಬಹುದೂರದಿಂದ ಓಡಿಬಂದು ಚೆಂಡನ್ನು ಎಸೆದಾಗ, ಜಗುಲಿಯ ಮೇಲೆ ಕುಳಿತ ಹಿರಿಯರು ಸಹ ಅವನು ಯಾರನ್ನು ಅನುಕರಿಸುತ್ತಿರುವನೆಂದು ಕೇಳಬೇಕಾಗಿರಲಿಲ್ಲ.

ಇಲ್ಲಿ ಒಂದು ದೂರದ ಮಾತನ್ನು ಎತ್ತಿಕೊಳ್ಳಲು ಓದುಗರು ಅನುಮತಿ ಕೊಡಬೇಕು. ಅಮೆರಿಕದವರು ಫುಟ್‌ಬಾಲ್ ಎಂದು ಕರೆದುಕೊಳ್ಳುವ, ಆದರೆ ಬಹುಪಾಲು ಕೈಯಿಂದಲೇ ಆಡುವ ಒಂದು ಆಟವಿದೆ. ಅದರಲ್ಲಿ ವೈಡ್ ರಿಸೀವರ್ ಎಂಬ ಆಟಗಾರನು ಅಂಚಿನಿಂದ ಓಡಿಹೋಗಿ, ಸಂಗಡಿಗನೊಬ್ಬನು ದೂರದಿಂದ ಎಸೆದ ಚೆಂಡನ್ನು, ಬೆನ್ನಟ್ಟಿದವರು ಮೈಮೇಲೆ ಬೀಳುತ್ತಿರುವಾಗಲೇ ಹಿಡಿಯಬೇಕು. ಈ ವಿದ್ಯೆಯಲ್ಲಿ ಮೊದಲಿಗನೆಂದು ಅಲ್ಲಿನವರು ಎಣಿಸುವ ಜೆರ್ರಿ ರೈಸ್, ಮಿಸಿಸಿಪ್ಪಿ ಸಂಸ್ಥಾನದ ಕ್ರಾಫರ್ಡ್ ಎಂಬ ಚಿಕ್ಕ ಊರಿನ ಗಾರೆಯವನ ಮಗ. ತಂದೆಯ ಕೆಲಸದಲ್ಲಿ ಅಣ್ಣತಮ್ಮಂದಿರು ಎಸೆದ ಇಟ್ಟಿಗೆಗಳನ್ನು ಹಿಡಿಹಿಡಿದು ಆತನ ಕೈ ಪಳಗಿತಂತೆ. 1985ರಿಂದ 2004ರವರೆಗೆ ಇಪ್ಪತ್ತು ಋತುಗಳಲ್ಲಿ 1,549 ಬಾರಿ ಚೆಂಡು ಹಿಡಿದು 22,895 ಗಜ ದೂರವನ್ನು ಗಳಿಸಿದ ಆತನೂ, ಎಸೆಯುವವನ ಕೈ ನೆಟ್ಟಗಿಲ್ಲದಿದ್ದರೆ ಬರಿಗೈಯ ಓಟಗಾರನೇ ಆಗಿ ಉಳಿಯುತ್ತಿದ್ದನು. ಕ್ರಿಕೆಟ್ಟಿನ ವೇಗದ ಬೌಲರನ ಅದೃಷ್ಟ ಇದಕ್ಕೆ ಸರಿಯಾಗಿ ವಿಪರೀತವಾದುದು. ಅವನು ಎಸೆಯುವವನು, ಅಂಚು ಸವರಿ ಹಾರಿದ ಚೆಂಡನ್ನು ಹಿಡಿಯಬೇಕಾದವರು ಬೇರೆ, ಅವನ ಶ್ರಮ ಗೆಲುವಾಗಬೇಕಾದರೆ ರನ್ ಕೂಡಿಸಬೇಕಾದವರು ಬೇರೆ, ಅವನಿಗೆ ಹೊಸ ಚೆಂಡನ್ನು ಕೊಡುವುದೋ ಬಿಡುವುದೋ ಎಂದು ನಿರ್ಣಯಿಸುವವರು ಮತ್ತೂ ಬೇರೆ. ಶ್ರೀನಾಥರ ವೃತ್ತಿಯನ್ನು ನಾನು ನೋಡುವುದು ಈ ಪರಾಧೀನತೆಯ ಬೆಳಕಿನಲ್ಲಿ.

ಜಾವಗಲ್ ಮನೆತನದ ಊರು. 1969ರ ಆಗಸ್ಟ್ 31ರಂದು ಜನಿಸಿದ ಶ್ರೀನಾಥರು ಬೆಳೆದುದು, ಓದಿದುದು ಮೈಸೂರಿನಲ್ಲಿ. ಮರಿಮಲ್ಲಪ್ಪ ಶಾಲೆಯ ಹುಡುಗ ಮುಂದೆ ಜಯಚಾಮರಾಜೇಂದ್ರ ಕಾಲೇಜಿನಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮಾಡಿದನು. ಊರಿನಲ್ಲಿಯೇ ಉಳಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲವೆಂದು ಒಪ್ಪಬೇಕು. ಊರಿನ ಹುಡುಗರು ಆಡುವ ಟೆನ್ನಿಸ್ ಚೆಂಡಿನ ತೂಕ 60 ಗ್ರಾಮಿನೊಳಗೆ, ಕ್ರಿಕೆಟ್ಟಿನ ಚರ್ಮದ ಚೆಂಡಿನದು 156 ಗ್ರಾಮಿಗೆ ಮೇಲೆ. ಮೊದಲನೆಯದರಲ್ಲಿ ಊರೂರನ್ನೇ ಗೆದ್ದ ತೋಳು ಎರಡನೆಯದನ್ನು ಪಳಗಿಸಿಕೊಳ್ಳಬೇಕಾದರೆ ಲೀಗ್ ಪಂದ್ಯಗಳು, ತಕ್ಕ ಪಿಚ್ಚು, ತಿಳಿದವರ ಕಣ್ಣು ಇವೆಲ್ಲ ಬೇಕು. ಇವರ ಮೇಲೆ ಬಿದ್ದ ಕಣ್ಣಾದರೋ ಭಾರತದ ಹಿರಿಯ ದಾಂಡಿಗ ಗುಂಡಪ್ಪ ವಿಶ್ವನಾಥರದು. ಅದರ ಫಲವಾಗಿ 1989–90ರ ರಣಜಿ ಋತುವಿನಲ್ಲಿ ಹೈದರಾಬಾದಿನ ವಿರುದ್ಧ ಕರ್ನಾಟಕದ ಪರವಾಗಿ ಮೊದಲ ಬಾರಿಗೆ ಕಣಕ್ಕಿಳಿದ ಯುವಕನು ಆ ಪಂದ್ಯದಲ್ಲಿಯೇ ಹ್ಯಾಟ್ರಿಕ್ ಸಾಧಿಸಿದನು. ಎರಡು ವರ್ಷ ಕಳೆಯುವುದರೊಳಗೆ, 1991ರ ಅಕ್ಟೋಬರಿನಲ್ಲಿ ಶಾರ್ಜಾದಲ್ಲಿ ಪಾಕಿಸ್ತಾನದ ವಿರುದ್ಧ ಏಕದಿನ ಪಂದ್ಯ, ನವೆಂಬರಿನಲ್ಲಿ ಬ್ರಿಸ್ಬೇನಿನಲ್ಲಿ ಆಸ್ಟ್ರೇಲಿಯದ ವಿರುದ್ಧ ಟೆಸ್ಟ್ ಪಂದ್ಯ ಎರಡೂ ಒದಗಿದವು.

ಅಲ್ಲಿಂದ ಮುಂದೆ ನಡೆದುದನ್ನು ನೆನೆದರೆ ಇಂದಿಗೂ ಸ್ವಲ್ಪ ಖೇದವಾಗುತ್ತದೆ. ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ ಮೊದಲಾದ ಪರದೇಶಗಳಲ್ಲಿ ಉಪಯುಕ್ತನೆನಿಸಿದ ಬೌಲರು ಸ್ವದೇಶದ ಟೆಸ್ಟ್ ಪಂದ್ಯಗಳಲ್ಲಿ ಅನಾವಶ್ಯಕನಾದನು. ಇಲ್ಲಿನ ಪಿಚ್ಚುಗಳು ಸ್ಪಿನ್ನರುಗಳಿಗೆಂದೇ ಸಿದ್ಧವಾಗುತ್ತಿದ್ದವು. ವೇಗಿಗಳಿಗೆ ಇದ್ದ ಒಂದೆರಡು ಸ್ಥಾನಗಳನ್ನು ಕಪಿಲ್ ದೇವ್ ಮತ್ತು ಮನೋಜ್ ಪ್ರಭಾಕರ್ ತುಂಬಿದ್ದರು. ಅದರ ಮೇಲೆ ರಿಚರ್ಡ್ ಹ್ಯಾಡ್ಲಿಯ 431 ವಿಕೆಟ್ಟುಗಳ ದಾಖಲೆಯನ್ನು ಕಪಿಲರು ಮೀರಬೇಕೆಂಬುದು ರಾಷ್ಟ್ರದ ಸಂಕಲ್ಪವೇ ಆಗಿಹೋಗಿತ್ತು. ಮುಪ್ಪಾದ ತೋಟದ ಸಾಲುಗಳ ನಡುವೆ ಹೊಸ ಸಸಿಯನ್ನು ನೆಟ್ಟ ಬೇಸಾಯಗಾರನು, ಹಳೆಯ ಮರದಲ್ಲಿ ಇನ್ನೂ ನಾಲ್ಕು ಕಾಯಿ ಬರುತ್ತಿರುವ ತನಕ ಅದನ್ನು ಕಡಿಯಲು ಮನಸ್ಸು ಬಾರದೆ, ಬಿಸಿಲು ಕಾಣದ ಸಸಿ ಸಣಕಲಾಗಿ ಎಳೆದುಕೊಂಡು ಬೆಳೆಯುವುದನ್ನು ಸುಮ್ಮನೆ ನೋಡುತ್ತಿರುವನಷ್ಟೆ, ಆಯ್ಕೆಗಾರರ ಸ್ಥಿತಿಯೂ ಹಾಗೆಯೇ ಇತ್ತು. 1994ರ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ಕಪಿಲರ 432ನೆಯ ವಿಕೆಟ್ ಬಿದ್ದಿತು. ಶ್ರೀನಾಥರು ಭಾರತದ ನೆಲದಲ್ಲಿ ಮೊದಲ ಟೆಸ್ಟ್ ಆಡಿದುದು ಅದೇ ವರ್ಷದ ನವೆಂಬರಿನಲ್ಲಿ, ಮುಂಬಯಿಯಲ್ಲಿ, ವೆಸ್ಟ್ ಇಂಡೀಸಿನ ಎದುರಿಗೆ. ಬ್ರಿಸ್ಬೇನಿಗೂ ಮುಂಬಯಿಗೂ ನಡುವೆ ಮೂರು ವರ್ಷಗಳು ಸಂದಿದ್ದವು. ಕಾಯಿಸಿದವರಿಗೆ ಉತ್ತರವೋ ಎಂಬಂತೆ ಆ ಪಂದ್ಯದಲ್ಲಿ ಆತ ವಿಕೆಟ್ಟುಗಳ ಜೊತೆಗೆ 60 ರನ್ನನ್ನೂ ಹೊಡೆದರು.

ಭಾರತದ ಸತ್ತ ಪಿಚ್ಚುಗಳಲ್ಲಿ ಬೌಲ್ ಮಾಡಬೇಕಾಗಿ ಬಂದುದೇ ಶ್ರೀನಾಥರ ದುರ್ದೈವವೆಂದು ಹೇಳುವುದು ವಾಡಿಕೆ. ನಾನು ಇದನ್ನು ಒಪ್ಪಲಾರೆ. ಅಂಕಿಗಳನ್ನು ತೆಗೆದು ನೋಡಿದರೆ, ಅವರ ತವರಿನ ಸರಾಸರಿ ಹೊರನಾಡಿನದಕ್ಕಿಂತ ಉತ್ತಮವಾಗಿಯೇ ಇದೆ. ಈ ನೆಲವನ್ನು ಬಲ್ಲ ವೇಗಿಯಾಗಿದ್ದರು ಅವರು. ದುರ್ದೈವವೆಂದರೆ, ವೇಗವು ಉತ್ತುಂಗದಲ್ಲಿದ್ದ ಇಪ್ಪತ್ತೆರಡರಿಂದ ಇಪ್ಪತ್ತೈದರವರೆಗಿನ ವಯಸ್ಸಿನಲ್ಲಿ ಆ ನೆಲವೇ ಅವರಿಗೆ ದೊರೆಯದೆ ಹೋದುದು.

ದೊರೆತ ಮೇಲೆ ಏನಾಯಿತೆಂಬುದಕ್ಕೆ 1996ರ ನವೆಂಬರ್ ಸಾಕ್ಷಿ. ಅಹಮದಾಬಾದಿನಲ್ಲಿ ದಕ್ಷಿಣ ಆಫ್ರಿಕಕ್ಕೆ ಬೇಕಾಗಿದ್ದುದು 170 ರನ್ನು ಮಾತ್ರ. ಸ್ಪಿನ್ನರುಗಳನ್ನು ಎದುರಿಸಲು ಸಿದ್ಧರಾಗಿ ಬಂದಿದ್ದ ಆ ದಾಂಡಿಗರನ್ನು ಒಬ್ಬ ವೇಗಿ 21 ರನ್ನಿಗೆ 6 ವಿಕೆಟ್ ಕಿತ್ತು 105ಕ್ಕೆ ಮುಗಿಸಿದನು. ಅದರ ಹಿಂದಿನ ವರ್ಷ ಇಂಗ್ಲೆಂಡಿನಲ್ಲಿ ಗ್ಲಾಸ್ಟರ್‌ಷೈರ್ ಪರವಾಗಿ ಒಂದೇ ಋತುವಿನಲ್ಲಿ 87 ವಿಕೆಟ್ ಪಡೆದು ಬಂದಿದ್ದ ತೋಳು ಅದು.

ಆದರೆ ಕನ್ನಡಿಗರು 1996ನ್ನು ಸ್ಮರಿಸುವುದು ಬೇರೊಂದು ರಾತ್ರಿಗಾಗಿ, ಅದೂ ಬೌಲಿಂಗಿಗಾಗಿ ಅಲ್ಲ. ಅಕ್ಟೋಬರ್ 21, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ, ಟೈಟನ್ ಕಪ್. ಆಸ್ಟ್ರೇಲಿಯ ಕೊಟ್ಟ 216ರ ಗುರಿಯನ್ನು ಬೆನ್ನಟ್ಟಿದ ಭಾರತದ ಪಾಲಿಗೆ ತೆಂಡೂಲ್ಕರ್ 88 ಹೊಡೆದು ಹೊರಟ ಮೇಲೆ ಆಶೆಯೂ ಹೊರಟುಹೋಯಿತು; 164ಕ್ಕೆ ಎಂಟನೆಯ ವಿಕೆಟ್ ಬಿದ್ದಾಗ ಎಷ್ಟೋ ಮನೆಗಳಲ್ಲಿ ದೂರದರ್ಶನವನ್ನು ಆರಿಸಿ ಊಟಕ್ಕೆ ಎದ್ದಿದ್ದರು. ಕ್ರೀಸಿನಲ್ಲಿ ಉಳಿದಿದ್ದವರು ಇಬ್ಬರು ಎಂಜಿನಿಯರುಗಳು, ಒಬ್ಬರು ಬೆಂಗಳೂರಿನ ಕುಂಬ್ಳೆ, ಇನ್ನೊಬ್ಬರು ಮೈಸೂರಿನ ಶ್ರೀನಾಥ್. ಪರಸ್ಪರ ಕನ್ನಡದಲ್ಲಿಯೇ ಮಾತನಾಡಿಕೊಳ್ಳುತ್ತ, ಒಬ್ಬರು ತಾಳ್ಮೆಯಿಂದ 16, ಇನ್ನೊಬ್ಬರು ಧೈರ್ಯದಿಂದ 30 ಸೇರಿಸಿ, ಮುರಿಯದ 52 ರನ್ನುಗಳ ಜೊತೆಯಾಟದಿಂದ ಪಂದ್ಯವನ್ನು ಗೆದ್ದುಕೊಟ್ಟರು. ಆ ಹೊತ್ತಿನಲ್ಲಿ ಪ್ರೇಕ್ಷಕರ ನಡುವೆ ಕುಳಿತಿದ್ದ ಇಬ್ಬರ ತಾಯಂದಿರನ್ನೂ ಕ್ಯಾಮೆರಾ ಮತ್ತೆ ಮತ್ತೆ ತೋರಿಸಿತು. ಆಟದ ನಿಯಮವೊಂದನ್ನೂ ಅರಿಯದ ನಮ್ಮ ಕಡೆಯ ಎಷ್ಟೋ ಗೃಹಿಣಿಯರಿಗೆ ಇಂದಿಗೂ ಕ್ರಿಕೆಟ್ ಎಂದರೆ ನೆನಪಾಗುವುದು ಆ ಇಬ್ಬರು ತಾಯಂದಿರ ಮುಖ. ವೆಂಕಟೇಶ ಪ್ರಸಾದ್, ರಾಹುಲ್ ದ್ರಾವಿಡ್, ಗದಗಿನ ಸುನಿಲ್ ಜೋಶಿ ಇವರನ್ನೂ ಎಣಿಸಿಕೊಂಡರೆ, ಭಾರತ ತಂಡದ ಪಟ್ಟಿಯನ್ನು ಓದುವಾಗ ಕರ್ನಾಟಕದ ತಂಡವನ್ನೇ ಓದಿದಂತಾಗುತ್ತಿದ್ದ ಕಾಲವದು.

ಕಾಲ ಅನುಕೂಲವಾದಾಗ ದೇಹ ಮುನಿಯಿತು. 1997ರ ಆರಂಭದಲ್ಲಿ ಬಲಭುಜದ ಸ್ನಾಯು ಹರಿದು ಶಸ್ತ್ರಚಿಕಿತ್ಸೆಯಾಯಿತು. ವೆಸ್ಟ್ ಇಂಡೀಸ್ ಪ್ರವಾಸಕ್ಕೆ ತಂಡ ಅವರಿಲ್ಲದೆ ಹೋಯಿತು. ಬೌಲರನ ಭುಜವೆಂದರೆ ಗಾಯಕನ ಕಂಠವಿದ್ದಂತೆ ಎನ್ನುವವರುಂಟು. ಅಂಥ ಅಲಂಕಾರಗಳನ್ನು ಬದಿಗಿರಿಸಿ ನೋಡಿದರೂ, ಹರಿದ ಭುಜವನ್ನು ಹೊಲಿಸಿಕೊಂಡು ಮತ್ತೆ ಹಿಂದಿನ ವೇಗಕ್ಕೆ ಸಮೀಪವಾಗಿ ಎಸೆದವರು ವಿರಳ. ಶ್ರೀನಾಥರು ಅದೇ ವರ್ಷದ ಕೊನೆಯೊಳಗೆ ತಂಡಕ್ಕೆ ಮರಳಿದರು, ವೇಗದಲ್ಲಿ ಕುಂದಿದ್ದ ಅಲ್ಪಸ್ವಲ್ಪವನ್ನು ಬುದ್ಧಿಯಿಂದ ತುಂಬಿಕೊಂಡರು.

ಇನ್ನು 1999ರ ಫೆಬ್ರವರಿ. ಎರಡು ವಾರಗಳ ಅಂತರದಲ್ಲಿ, ಒಂದೇ ಎದುರಾಳಿಯ ವಿರುದ್ಧ, ಒಬ್ಬ ಬೌಲರನ ವೃತ್ತಿಯ ಸಾರವೆಲ್ಲ ಪ್ರಕಟವಾದ ತಿಂಗಳು ಅದು. ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಪಾಕಿಸ್ತಾನದ ಎರಡನೆಯ ಇನ್ನಿಂಗ್ಸಿನ ಒಂಬತ್ತು ವಿಕೆಟ್ಟುಗಳೂ ಕುಂಬ್ಳೆಯವರಿಗೇ ಬಿದ್ದಿದ್ದವು. ಹತ್ತನೆಯದೂ ಅವರಿಗೇ ಸಿಕ್ಕರೆ ಒಂದೇ ಇನ್ನಿಂಗ್ಸಿನ ಹತ್ತೂ ವಿಕೆಟ್ ಪಡೆದಿದ್ದ ಜಿಮ್ ಲೇಕರರ ಸಾಧನೆಗೆ ಸಮಾನವಾಗುವುದು. ಇನ್ನೊಂದು ತುದಿಯಿಂದ ಬೌಲ್ ಮಾಡಬೇಕಾದವರು ಶ್ರೀನಾಥ್. ಜೀವಮಾನವೆಲ್ಲ ವಿಕೆಟ್ಟಿನತ್ತ ಎಸೆಯುವುದನ್ನೇ ಅಭ್ಯಾಸ ಮಾಡಿದವರು ಆ ಓವರಿನಲ್ಲಿ ಚೆಂಡನ್ನು ದಾಂಡಿಗನಿಗೆ ಎಟುಕದಂತೆ ದೂರ ದೂರವೇ ಹಾಕಿದರು. ಕುಂಬ್ಳೆ 74ಕ್ಕೆ 10. ಈ ಅಂಕಿಯನ್ನು ಕಂಠಪಾಠ ಮಾಡಿದವರಲ್ಲಿ ಆ ಓವರನ್ನು ನೆನೆಯುವವರು ಎಷ್ಟು ಮಂದಿ?

ಅದಾದ ಮೇಲೆ ಕೋಲ್ಕತ್ತದ ಈಡನ್ ಗಾರ್ಡನ್ಸ್, ಏಷ್ಯನ್ ಟೆಸ್ಟ್ ಚಾಂಪಿಯನ್‌ಷಿಪ್. ಮೊದಲ ದಿನ ಪಾಕಿಸ್ತಾನ 26ಕ್ಕೆ 6 ವಿಕೆಟ್ ಕಳೆದುಕೊಂಡಿತು. ಶ್ರೀನಾಥ್ 46ಕ್ಕೆ 5. ಎರಡನೆಯ ಇನ್ನಿಂಗ್ಸಿನಲ್ಲಿ ಸಯೀದ್ ಅನ್ವರ್ ಮೊದಲಿನಿಂದ ಕಡೆಯವರೆಗೂ ನಿಂತು ಔಟಾಗದೆ 188 ಹೊಡೆದರು, ಅವರ ಕಣ್ಣೆದುರಿಗೇ ಶ್ರೀನಾಥರು 86 ರನ್ ಕೊಟ್ಟು 8 ಜನರನ್ನು ಕೆಡವಿದರು. ಒಟ್ಟು 132ಕ್ಕೆ 13. ಇಷ್ಟಾಗಿಯೂ ಭಾರತ 46 ರನ್ನುಗಳಿಂದ ಸೋತಿತು. ತೆಂಡೂಲ್ಕರರ ರನೌಟು, ಅದರಿಂದ ಕೆರಳಿದ ಜನಸ್ತೋಮ, ಪ್ರೇಕ್ಷಕರನ್ನು ಹೊರಹಾಕಿ ಖಾಲಿ ಕ್ರೀಡಾಂಗಣದಲ್ಲಿ ಮುಗಿಸಿದ ಆಟ ಇವು ಪತ್ರಿಕೆಗಳ ತುಂಬ ತುಂಬಿದವು. ಹದಿಮೂರು ವಿಕೆಟ್ಟುಗಳು ಒಳಪುಟದ ಅಂಕಿಪಟ್ಟಿಗೆ ಸರಿದವು. ದೆಹಲಿಯಲ್ಲಿ ವಿಕೆಟ್ ಬೇಡವೆಂದುಕೊಂಡಾಗ ತಂಡ ಗೆದ್ದಿತು, ಕೋಲ್ಕತ್ತದಲ್ಲಿ ಬೇಕಾದಷ್ಟು ಪಡೆದಾಗ ಸೋತಿತು. ನನ್ನ ಮಟ್ಟಿಗೆ ಕೋಲ್ಕತ್ತದ ಆ ಎಂಟು ವಿಕೆಟ್ಟುಗಳು ಭಾರತೀಯ ವೇಗಿಯೊಬ್ಬನು ತವರಿನಲ್ಲಿ ಮಾಡಿದ ಬೌಲಿಂಗಿನಲ್ಲೆಲ್ಲ ಅಗ್ರಗಣ್ಯವಾದುವು. ಗೆದ್ದ ಪಂದ್ಯವಾಗಿದ್ದಿದ್ದರೆ ಇದನ್ನು ವಾದಿಸಿ ಹೇಳಬೇಕಾದ ಪ್ರಮೇಯವಿರುತ್ತಿರಲಿಲ್ಲ.

2002ರಲ್ಲಿ ಶ್ರೀನಾಥರ ಟೆಸ್ಟ್ ಪಂದ್ಯಗಳು ಮುಗಿದವು. ಮರುವರ್ಷದ ದಕ್ಷಿಣ ಆಫ್ರಿಕದ ವಿಶ್ವಕಪ್ಪಿನಲ್ಲಿ ಜಹೀರ್ ಖಾನ್, ಆಶಿಷ್ ನೆಹ್ರಾ ಎಂಬ ಎಡಗೈ ಕಿರಿಯರಿಬ್ಬರ ಜೊತೆಗೆ ಹಿರಿಯಣ್ಣನಂತೆ ನಿಂತು 16 ವಿಕೆಟ್ ಪಡೆದರು. ಮಾರ್ಚ್ 23ರ ಅಂತಿಮ ಪಂದ್ಯದಲ್ಲಿ ಪಾಂಟಿಂಗ್ 140 ಹೊಡೆದ ದಿನ ಶ್ರೀನಾಥರ ಹತ್ತು ಓವರುಗಳಲ್ಲಿ 87 ರನ್ ಹೋದವು, ವಿಕೆಟ್ ಸಿಗಲಿಲ್ಲ. ಅದೇ ಅವರ ಕೊನೆಯ ಪಂದ್ಯವಾಯಿತು. 67 ಟೆಸ್ಟುಗಳಲ್ಲಿ 236, 229 ಏಕದಿನ ಪಂದ್ಯಗಳಲ್ಲಿ 315, ನಾಲ್ಕು ವಿಶ್ವಕಪ್ಪುಗಳಲ್ಲಿ 44 ವಿಕೆಟ್ಟುಗಳು ಅವರ ಲೆಕ್ಕದಲ್ಲಿ ಉಳಿದವು. ಏಕದಿನ ಪಂದ್ಯಗಳಲ್ಲಿ ಮುನ್ನೂರರ ಗಡಿ ದಾಟಿದ ಮೊದಲ ಭಾರತೀಯ ವೇಗಿ ಅವರೇ.

2006ರಿಂದ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಲಿಯ ಮ್ಯಾಚ್ ರೆಫರಿಯಾಗಿದ್ದಾರೆ. ನಡುವೆ 2010ರಿಂದ ಮೂರು ವರ್ಷ, ಕುಂಬ್ಳೆ ಅಧ್ಯಕ್ಷರಾಗಿದ್ದಾಗ, ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿಯ ಹೊಣೆಯನ್ನೂ ಹೊತ್ತರು. ಆಡುವ ಕಾಲದಲ್ಲಿ ಇವರ ಮೇಲೆ ವಿಮರ್ಶಕರು ಹೊರಿಸಿದ್ದ ದೊಡ್ಡ ಆಕ್ಷೇಪವೆಂದರೆ, ವೇಗದ ಬೌಲರನಿಗೆ ಸಲ್ಲಬೇಕಾದ ಕೋಪ ಈ ಮನುಷ್ಯನಲ್ಲಿಲ್ಲ, ದಾಂಡಿಗನನ್ನು ದುರುಗುಟ್ಟಿ ನೋಡಲೂ ಬಾರದು ಎಂಬುದು. ಈಗ ಮೈದಾನದಲ್ಲಿ ನಾಲಗೆಯನ್ನು ಹರಿಯಬಿಟ್ಟ ತರುಣರು ಸಂಜೆಯ ವೇಳೆಗೆ ವಿಚಾರಣೆಗೆಂದು ಬಂದು ನಿಲ್ಲುವುದು ಅದೇ ಮನುಷ್ಯನ ಎದುರಿಗೆ.