ಕೈಕೆಲಸವೂ ಬಿಡುವಿನ ವೇಳೆಯೂ

ಹೆಣ್ಣುಮಕ್ಕಳ ಪಾಠಶಾಲೆಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಆಟಗಳ ದಿನದಂದು, ಬಯಲಿನ ಅಂಚಿನ ಹೊಂಗೆಯ ನೆರಳಿನಲ್ಲಿ ಕುಳಿತ ತಾಯಂದಿರನ್ನು ನಾವು ಅನೇಕ ಸಾರಿ ಗಮನಿಸಿದ್ದೇವೆ. ಅವರ ಕಣ್ಣುಗಳು ಓಡುವ ಮಕ್ಕಳ ಮೇಲಿರುತ್ತವೆ. ಕೈಗಳು ಮಾತ್ರ ಸುಮ್ಮನಿರುವುದಿಲ್ಲ. ಒಬ್ಬಾಕೆಯ ಮಡಿಲಲ್ಲಿ ಉಣ್ಣೆಯ ಉಂಡೆ. ಮತ್ತೊಬ್ಬಾಕೆಯ ಮುಂದೆ ಸುಲಿಯಬೇಕಾದ ಅವರೆಕಾಯಿ. ಮೂರನೆಯವಳ ಬೆರಳುಗಳ ನಡುವೆ ಕಟ್ಟುತ್ತಿರುವ ಹೂವಿನ ಸರ. ತಂದೆಯರು ಬಂದಿದ್ದರೆ ಅವರು ಕೈಕಟ್ಟಿ ನಿಂತು ಆಟವನ್ನು ನೋಡುವರು. ಅವರನ್ನು ಯಾರೂ ಏನೂ ಕೇಳುವುದಿಲ್ಲ. ಒಮ್ಮೆ ಬರಿಗೈಯಲ್ಲಿ ಬಂದು ಕುಳಿತಿದ್ದ ಒಬ್ಬ ತಾಯಿಯನ್ನು ನೆರೆಯಾಕೆಯೇ, "ಏನಮ್ಮಾ, ಮನೆಯಲ್ಲಿ ಕೆಲಸವಿಲ್ಲವೇ?" ಎಂದು ಕೇಳಿದ್ದನ್ನು ನಾವು ಕಿವಿಯಾರೆ ಕೇಳಿದೆವು. ಕೇಳಿದಾಕೆ ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಆದರೆ ಆ ತಾಯಿ ಆಟ ಮುಗಿಯುವುದಕ್ಕೆ ಮೊದಲೇ ಎದ್ದು ಹೋದಳು. ಅವಳ ಮಗಳು ಓಡಿದ ಓಟವನ್ನು ಅವಳು ನೋಡಲಿಲ್ಲ.

ಹೆಣಿಗೆ, ಮನೆಯಡುಗೆ, ಡೇರೆವಾಸ, ಆಟ ನೋಡುವುದು ಎಂಬ ನಾಲ್ಕು ಸಂಗತಿಗಳನ್ನು ಕುರಿತು ಬರೆಯಬೇಕೆಂದು ನಾವು ಕುಳಿತಾಗ ಮೊದಲು ನೆನಪಿಗೆ ಬಂದದ್ದು ಈ ಪ್ರಸಂಗವೇ. ಇವುಗಳಲ್ಲಿ ಯಾವುದು ಕೆಲಸ, ಯಾವುದು ಬಿಡುವು? ನಮ್ಮ ದೇಶದ ಸರ್ಕಾರದವರು ೨೦೨೪ರಲ್ಲಿ ನಡೆಸಿದ ಕಾಲವಿನಿಯೋಗದ ಸಮೀಕ್ಷೆಯ ಪ್ರಕಾರ, ಮನೆಯವರಿಗಾಗಿ ಸಂಬಳವಿಲ್ಲದೆ ಮಾಡುವ ಗೃಹಕೃತ್ಯಗಳಲ್ಲಿ ತೊಡಗಿದ ಸ್ತ್ರೀಯರು ದಿನಕ್ಕೆ ಸರಾಸರಿ ೨೮೯ ನಿಮಿಷಗಳನ್ನೂ, ಪುರುಷರು ೮೮ ನಿಮಿಷಗಳನ್ನೂ ಅದಕ್ಕೆ ಕೊಡುತ್ತಾರೆ. ೨೦೧೯ರ ಸಮೀಕ್ಷೆಯಲ್ಲಿ ಈ ಲೆಕ್ಕವು ೨೯೯ ಮತ್ತು ೯೭ ಆಗಿದ್ದಿತು. ಐದು ವರ್ಷಗಳಲ್ಲಿ ಸ್ತ್ರೀಯರಿಗೆ ಹತ್ತು ನಿಮಿಷಗಳು ಉಳಿದುವೆಂದು ಸಂತೋಷಪಡುವವರು, ಪುರುಷರಿಗೂ ಒಂಬತ್ತು ನಿಮಿಷಗಳು ಉಳಿದುವೆಂಬುದನ್ನು ಗಮನಿಸತಕ್ಕದ್ದು. ೨೦೨೪ರ ಅಂತರವು ೨೦೧ ನಿಮಿಷ. ಹಿರಿಯರ ಖೋಖೋ ಪಂದ್ಯದಲ್ಲಿ ಒಂಬತ್ತು ನಿಮಿಷಗಳ ನಾಲ್ಕು ಸರದಿಗಳಾದರೆ ಒಟ್ಟು ೩೬ ನಿಮಿಷ. ಅಂತಹ ಐದು ಪಂದ್ಯಗಳನ್ನು ನೋಡಿಯೂ ಇನ್ನಷ್ಟು ಸಮಯ ಮಿಗುವಷ್ಟು ದೊಡ್ಡದು ಆ ಅಂತರ.

ಹೀಗಿರುವುದರಿಂದಲೇ ಹೆಣಿಗೆಯ ಕಡ್ಡಿಗಳು ನಮ್ಮ ಸ್ತ್ರೀಯರಿಗೆ ಒಂದು ಬಗೆಯ ರಹದಾರಿಯಾಗಿ ಒದಗಿದುವೆಂದು ನಾವು ಎಣಿಸುತ್ತೇವೆ. ಕೈಯಲ್ಲಿ ಉಣ್ಣೆಯಿದ್ದರೆ ಆಕೆ ಕೆಲಸದಲ್ಲಿದ್ದಾಳೆ. ಆದುದರಿಂದ ಎಷ್ಟು ಹೊತ್ತಾದರೂ ಕುಳಿತಿರಬಹುದು. ಇದನ್ನು ಉಪಾಯವೆನ್ನಬೇಕೋ ಸಂಕೋಲೆಯೆನ್ನಬೇಕೋ ಎಂಬುದು ಆಮೇಲಿನ ಮಾತು. ಮೊದಲು ಆ ಕೆಲಸದ ಸ್ವರೂಪವನ್ನು ತಿಳಿಯುವುದು ಯುಕ್ತ.

ಬಟ್ಟೆಯನ್ನು ನೇಯುವಾಗ ಹಾಸು, ಹೊಕ್ಕು ಎಂಬ ಎರಡು ತಂಡಗಳ ನೂಲುಗಳು ಒಂದಕ್ಕೊಂದು ಅಡ್ಡಲಾಗಿ ಬಿಗಿಯಾಗಿ ಕೂಡುತ್ತವೆ. ಕುರುಬರ ಕಂಬಳಿಯೂ ಹೀಗೆಯೇ ಮಗ್ಗದ ಮೇಲೆ ಹುಟ್ಟುವುದು. ಹೆಣಿಗೆಯಲ್ಲಾದರೋ ಇರುವುದು ಒಂದೇ ನೂಲು. ಅದು ಸಾಲುಸಾಲಾಗಿ ಕುಣಿಕೆಗಳಾಗಿ ಬಾಗಿ, ಪ್ರತಿಯೊಂದು ಹೊಸ ಕುಣಿಕೆಯೂ ಕೆಳಗಿನ ಸಾಲಿನ ಹಳೆಯ ಕುಣಿಕೆಯ ಒಳಗಿನಿಂದ ಹೊರಬರುತ್ತದೆ. ನೇಯ್ದ ಬಟ್ಟೆಯನ್ನು ಹಾಸಿನ ಉದ್ದಕ್ಕಾಗಲಿ ಹೊಕ್ಕಿನ ಉದ್ದಕ್ಕಾಗಲಿ ಎಳೆದರೆ ನೂಲು ಮೊದಲೇ ನೇರವಾಗಿರುವುದರಿಂದ ಅದು ಹೆಚ್ಚು ಹಿಗ್ಗಲಾರದು. ಹೆಣೆದ ಬಟ್ಟೆಯನ್ನು ಎಳೆದರೆ ಬಾಗಿದ ಕುಣಿಕೆಗಳು ನೇರವಾಗಲು ಅವಕಾಶವಿರುವುದರಿಂದ ಹಿಗ್ಗಿ, ಬಿಟ್ಟೊಡನೆ ಹಿಂದಿರುಗುತ್ತದೆ. ಕಾಲುಚೀಲವೂ ಕುಲಾವಿಯೂ ಮೈಗೆ ಅಂಟಿಕೊಂಡು ನಿಲ್ಲುವುದು ಈ ಗುಣದಿಂದಲೇ. ಇದರ ದೋಷವೂ ಇಲ್ಲಿಯೇ ಇದೆ. ಒಂದು ಕುಣಿಕೆ ಕಡ್ಡಿಯಿಂದ ಜಾರಿದರೆ ಅದರ ಕೆಳಗಿನದು, ಅದರ ಕೆಳಗಿನದು ಎಂದು ಏಣಿಯ ಮೆಟ್ಟಿಲುಗಳಂತೆ ಬಿಚ್ಚುತ್ತಾ ಹೋಗುವುದು. ಗಾಬರಿಯಿಂದ ಎಳೆಯದೆ, ಕೊಕ್ಕೆಯ ಕ್ರೋಷಾ ಕಡ್ಡಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ತಂದರೆ ಗಾಯದ ಗುರುತೂ ಉಳಿಯದು.

ಇಷ್ಟೆಲ್ಲಾ ವಿಚಿತ್ರ ಚಿತ್ತಾರಗಳಿಗೆ ಮೂಲವಾದವು ಎರಡೇ ಕುಣಿಕೆಗಳು: ನಿಟ್ ಮತ್ತು ಪರ್ಲ್. ನಿಜವಾಗಿ ನೋಡಿದರೆ ಅವು ಎರಡೂ ಅಲ್ಲ. ಒಂದೇ ಕುಣಿಕೆಯ ಮುಖ ಮತ್ತು ಬೆನ್ನು. ಇವೆರಡನ್ನೂ ಒಂದಾದಮೇಲೊಂದರಂತೆ ಹಾಕಿದರೆ ಬರುವ ಏಣುಪಟ್ಟಿಗೆ ಎಲ್ಲಕ್ಕಿಂತ ಹೆಚ್ಚಿನ ಹಿಗ್ಗು ಇರುವುದು. ಅಂಗಿಯ ಮುಂಗೈಗೂ ಟೋಪಿಯ ಅಂಚಿಗೂ ಅದನ್ನೇ ಹಾಕುತ್ತಾರೆ. ಇಂಗ್ಲೆಂಡಿನ ವಿಲಿಯಂ ಲೀ ಎಂಬಾತನು ೧೫೮೯ರಲ್ಲಿ ಕಾಲುಚೀಲ ಹೆಣೆಯುವ ಯಂತ್ರವನ್ನು ಕಲ್ಪಿಸಿದನೆಂದು ಪ್ರತೀತಿ. ಅಂದಿನಿಂದ ಯಂತ್ರಗಳು ಎಷ್ಟೋ ಮುಂದುವರಿದಿವೆ. ಅಂಗಡಿಯ ಸ್ವೆಟರು ಕೈಹೆಣಿಗೆಗಿಂತ ಅಗ್ಗವಾಗಿಯೂ ಸಿಕ್ಕುತ್ತದೆ. ಆದಕಾರಣ ಹಣ ಉಳಿಸುವುದಕ್ಕಾಗಿ ಹೆಣಿಗೆಯನ್ನು ಕಲಿಯಿರೆಂದು ನಾವು ಯಾವ ಹುಡುಗಿಗೂ ಹೇಳೆವು.

ಕಲಿಯುವವರು ತಪ್ಪುವುದು ಹೆಚ್ಚಾಗಿ ಅಳತೆಯಲ್ಲಿ. ನಮ್ಮ ಕಡೆ ಈಗಲೂ ಬಳಕೆಯಲ್ಲಿರುವ ಹಳೆಯ ಕ್ರಮದ ಕಡ್ಡಿಗಳಲ್ಲಿ ನಂಬರು ಹೆಚ್ಚಾದಷ್ಟೂ ಕಡ್ಡಿ ಸಣ್ಣದು: ೮ನೆಯ ನಂಬರು ೪ ಮಿಲಿಮೀಟರು, ೧೦ನೆಯದು ೩.೨೫ ಮಿಲಿಮೀಟರು ದಪ್ಪ. ಯಾವ ಕಡ್ಡಿಯಾದರೂ ಮೊದಲು ಅಂಗೈಯಗಲದ ಒಂದು ಮಾದರಿಯ ತುಂಡನ್ನು ಹೆಣೆದು, ೧೦ ಸೆಂಟಿಮೀಟರಿಗೆ ಎಷ್ಟು ಕುಣಿಕೆಗಳಾದುವೆಂದು ಎಣಿಸಬೇಕು. ೨೨ ಆದುವೆನ್ನೋಣ, ತಲೆಯ ಸುತ್ತಳತೆ ೫೦ ಸೆಂಟಿಮೀಟರು. ಲೆಕ್ಕದಂತೆ ೧೧೦ ಕುಣಿಕೆಗಳಾಗುವುವು. ಆದರೆ ಟೋಪಿ ಬಿಗಿಯಾಗಿ ಕೂರಬೇಕಾದರೆ ಹತ್ತನೆಯ ಒಂದು ಪಾಲನ್ನು ಕಳೆಯತಕ್ಕದ್ದು, ಉಳಿದದ್ದು ೯೯. ಎರಡು ನಿಟ್, ಎರಡು ಪರ್ಲ್ ಬರುವ ಅಂಚಿಗೆ ನಾಲ್ಕರಿಂದ ಭಾಗವಾಗುವ ಸಂಖ್ಯೆ ಬೇಕಾದುದರಿಂದ ೧೦೦ ಕುಣಿಕೆಗಳನ್ನು ಹಾಕುವುದು. ಗಣಿತವೆಂದರೆ ಅಳುವ ಹುಡುಗಿಯರೂ ಈ ಲೆಕ್ಕವನ್ನು ನಗುತ್ತಾ ಮಾಡುವುದನ್ನು ನೋಡಿದ್ದೇವೆ.

ಚಿಂತಾಮಣಿಯಂತಹ ಬಿಸಿಲ ಸೀಮೆಯಲ್ಲಿ ಉಣ್ಣೆಯೇಕೆಂದು ಕೇಳುವವರು ಪುಷ್ಯಮಾಸದ ಒಂದು ರಾತ್ರಿಯನ್ನು ಬಯಲಿನಲ್ಲಿ ಕಳೆದು ನೋಡಲಿ. ನಮ್ಮ ಊರು ಸಮುದ್ರಮಟ್ಟಕ್ಕಿಂತ ೮೦೦ ಮೀಟರುಗಳಿಗೂ ಎತ್ತರದಲ್ಲಿದೆ. ಮೋಡವಿಲ್ಲದ ರಾತ್ರಿಯಲ್ಲಿ ಬಂಡೆಗಳು ಹಗಲಿನ ಶಾಖವನ್ನೆಲ್ಲಾ ಬಿಟ್ಟುಕೊಟ್ಟು ಬೆಳಗಿನ ಜಾವಕ್ಕೆ ತಣ್ಣಗಾಗುವುವು. ಊರಿಗೆ ಸಮೀಪದ ಕೈಲಾಸಗಿರಿ, ಅಂಬಾಜಿದುರ್ಗ, ಬಕಾಸುರನ ಕಥೆಗೆ ಪ್ರಸಿದ್ಧವಾದ ಕೈವಾರದ ಬೆಟ್ಟ ಇವೆಲ್ಲವೂ ಗೈಡುಗಳ ಡೇರೆವಾಸಕ್ಕೆ ಮನಸ್ಸನ್ನು ಸೆಳೆಯುವ ಸ್ಥಳಗಳು. ಅರಣ್ಯ ಇಲಾಖೆಯವರ ಅಪ್ಪಣೆಯಿಲ್ಲದೆ ಬೆಟ್ಟದ ಮೇಲೆ ರಾತ್ರಿ ನಿಲ್ಲುವುದು ಸಲ್ಲದು. ತಪ್ಪಲಿನ ತೋಟದವರ ಒಪ್ಪಿಗೆಯನ್ನು ಪಡೆದು ಅಲ್ಲಿ ಇಳಿದುಕೊಳ್ಳುವುದೇ ಲೇಸು.

ಡೇರೆಯ ಜಾಗವನ್ನು ಆರಿಸುವುದರಲ್ಲಿ ಮೂರು ವಿಷಯಗಳನ್ನು ನಾವು ಮುಖ್ಯವೆಂದು ಕಂಡಿದ್ದೇವೆ. ತಂಪಾದ ಗಾಳಿಯು ಭಾರವಾದುದರಿಂದ ರಾತ್ರಿ ಇಳಿಜಾರಿನಲ್ಲಿ ಕೆಳಗಿಳಿದು ಹಳ್ಳದಲ್ಲಿ ನಿಲ್ಲುತ್ತದೆ. ಆದಕಾರಣ ತಗ್ಗನ್ನು ಬಿಟ್ಟು ಸ್ವಲ್ಪ ಮೇಲಣ ಸಮತಟ್ಟಿನಲ್ಲಿ ಡೇರೆಯನ್ನು ಹೊಡೆಯಬೇಕು. ಒಣಗಿದ ಹಳ್ಳದ ಮರಳು ಹಾಸಿಗೆಯಂತೆ ಮೃದುವಾಗಿ ಕಂಡರೂ, ಎಲ್ಲಿಯೋ ಮೇಲೆ ಸುರಿದ ಮಳೆಯ ನೀರು ಹೇಳದೆ ಕೇಳದೆ ಬರುವುದರಿಂದ ಅಲ್ಲಿ ಮಲಗಕೂಡದು. ಎಲ್ಲಕ್ಕಿಂತ ಮಿಗಿಲಾಗಿ, ತಲೆಯೆತ್ತಿ ಬಂಡೆಯ ಕೊರಕಲುಗಳನ್ನು ನೋಡಬೇಕು. ನಮ್ಮ ಸೀಮೆಯ ಕಲ್ಲುಬೆಟ್ಟಗಳಲ್ಲಿ ಹೆಜ್ಜೇನಿನ ಹಲ್ಲೆಗಳು ತೂಗುತ್ತಿರುತ್ತವೆ. ಅವುಗಳ ಕೆಳಗೆ ಒಲೆ ಹೂಡಿ ಹೊಗೆಯೆಬ್ಬಿಸಿದರೆ ಆಗುವ ಅನಾಹುತವು ಹಾವು ಚೇಳುಗಳ ಭಯಕ್ಕಿಂತ ದೊಡ್ಡದು.

ಹತ್ತಿಯ ಅಥವಾ ನಾರಿನ ಹಗ್ಗದ ಡೇರೆಯಾದರೆ ಮಲಗುವ ಮುಂಚೆ ಹಗ್ಗಗಳನ್ನು ಸ್ವಲ್ಪ ಸಡಿಲಿಸುವುದುಂಟು. ಇಬ್ಬನಿಯನ್ನು ಕುಡಿದ ಎಳೆಗಳು ಉಬ್ಬಿ ದಪ್ಪವಾಗಲು, ಹುರಿಯ ಹಗ್ಗವು ಗಿಡ್ಡವಾಗಿ ಗೂಟವನ್ನೇ ಕೀಳುವುದು. ನೈಲಾನು ಹಗ್ಗದ ಸ್ವಭಾವ ಇದಕ್ಕೆ ವಿರುದ್ಧ: ನೆನೆದರೆ ಅದು ಜೋಲುತ್ತದೆ, ಅದನ್ನು ಬಿಗಿಯಬೇಕು. ಉಣ್ಣೆಯ ಉಪಕಾರವೂ ಇಂತಹ ಇಬ್ಬನಿಯಲ್ಲಿಯೇ ತಿಳಿಯುವುದು. ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಎಳೆಯ ಒಳಗೆ ಅಡಗಿಸಿಕೊಂಡರೂ ಅದು ಮೈಗೆ ಒದ್ದೆಯೆನಿಸುವುದಿಲ್ಲ.

ಹೆಣ್ಣುಮಕ್ಕಳಿಗೆ ಈ ಡೇರೆವಾಸವನ್ನು ಯಾರೂ ತಟ್ಟೆಯಲ್ಲಿಟ್ಟು ಕೊಡಲಿಲ್ಲ. ೧೯೦೯ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿನಲ್ಲಿ ಬಾಲಚರರು ಕೂಡಿದಾಗ ಕರೆಯದೆಯೇ ಕೆಲವು ಹುಡುಗಿಯರು ಬಂದು ನಿಂತರು. ಅದರ ಫಲವಾಗಿ ಮರುವರ್ಷ ಗರ್ಲ್ ಗೈಡುಗಳ ಸಂಘವೇರ್ಪಟ್ಟಿತು. ೧೯೧೧ರಲ್ಲಿ ಜಬಲಪುರದಲ್ಲಿ ನಮ್ಮ ದೇಶದ ಮೊದಲನೆಯ ಗೈಡು ದಳವು ಆರಂಭವಾಯಿತು. ಸ್ವಾತಂತ್ರ್ಯಾನಂತರ ೧೯೫೦ರ ನವೆಂಬರ್ ೭ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸ್ಥಾಪಿತವಾಗಿ, ೧೯೫೧ರ ಆಗಸ್ಟ್ ೧೫ರಂದು ಗೈಡುಗಳು ಅದರಲ್ಲಿ ಸೇರಿದರು.

ಶಿಬಿರದಲ್ಲಿ ಅಡುಗೆಯ ಸ್ವರೂಪವೇ ಬದಲಾಗುವುದು ನಮಗೆ ಬಹಳ ಹಿಡಿಸಿದ ಸಂಗತಿ. ಮನೆಯಲ್ಲಿ ಒಬ್ಬಳ ಪಾಲಿಗೆ ಬಿದ್ದ ಕೆಲಸವು ಇಲ್ಲಿ ಸರದಿಯ ಕೆಲಸ: ಇಂದು ಒಂದು ದಳ ನೀರು ತಂದರೆ ಮತ್ತೊಂದು ದಳ ಒಲೆ ಹಚ್ಚುವುದು, ನಾಳೆ ಅದಲುಬದಲು. ಅವರೆಯ ಕಾಲದಲ್ಲಾದರೆ ಹಿಂದಿನ ದಿನವೇ ನೆನೆಹಾಕಿದ ಕಾಳನ್ನು ಎಲ್ಲರೂ ಸುತ್ತ ಕುಳಿತು, ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ ಸಿಪ್ಪೆಯಿಂದ ಹಾರಿಸಿ ಹಿದುಕಿದ ಬೇಳೆ ಮಾಡುವರು. ಒಬ್ಬಳೇ ಮಾಡಿದರೆ ಬೇಸರದ ಈ ಕೆಲಸ ಇಪ್ಪತ್ತು ಕೈಗಳಿಗೆ ಹರಟೆಯ ನೆವವಾಗುತ್ತದೆ. ಸೊಪ್ಪು ಬೇಳೆಗಳನ್ನು ಬೇಯಿಸಿ, ಬಸಿದ ನೀರಿಗೆ ಖಾರ ಕೂಡಿಸಿದರೆ ಬಸ್ಸಾರು, ಉಳಿದುದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಪದಾರ್ಥಗಳನ್ನು ತೆಗೆಯುವ ಈ ಯುಕ್ತಿಯು ಸೌದೆ ಕಡಮೆಯಿರುವ ಶಿಬಿರಕ್ಕೆ ಹೇಳಿ ಮಾಡಿಸಿದಂತಿದೆ.

ಮುದ್ದೆಯ ವಿಷಯದಲ್ಲಿ ಮಾತ್ರ ಸರದಿಯವರು ಹೆದರುತ್ತಾರೆ. ಹೆದರಬೇಕಾದುದಿಲ್ಲ. ಕುದಿಯುವ ನೀರಿಗೆ ಮೊದಲು ತಣ್ಣೀರಿನಲ್ಲಿ ಕದಡಿದ ಸ್ವಲ್ಪ ಹಿಟ್ಟನ್ನು ಸುರಿದು ಗಂಜಿಯಾಗಿಸುವುದು. ಅನಂತರ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಹಾಕಿ, ಕಲಕದೆ, ಕೋಲಿನಿಂದ ಮಧ್ಯದಲ್ಲಿ ದಾರಿ ಮಾಡಿ ಸುತ್ತಲ ನೀರು ಉಕ್ಕಿ ಹಿಟ್ಟನ್ನು ಬೇಯಿಸುವವರೆಗೆ ಬಿಡುವುದು. ಆತುರಪಟ್ಟು ಮೊದಲೇ ಕಲಕಿದರೆ ಒಣಹಿಟ್ಟಿನ ಉಂಡೆಯ ಮೇಲ್ಭಾಗ ಮಾತ್ರ ಬೆಂದು ಅಂಟಾಗಿ ನೀರನ್ನು ಒಳಕ್ಕೆ ಬಿಡದು. ಗಂಟಿನ ಗುಟ್ಟು ಇಷ್ಟೇ. ಬೆಂದಮೇಲೆ ಬಲವಾಗಿ ತಿರುವಿ, ಒದ್ದೆಗೈಯಿಂದ ಉರುಟಾಗಿಸುವುದು. ನೂರು ಗ್ರಾಂ ರಾಗಿಯಲ್ಲಿ ೩೪೦ ಮಿಲಿಗ್ರಾಮಿಗೂ ಮೀರಿದ ಸುಣ್ಣಾಂಶವುಂಟು. ಬಿಳಿಯ ಅಕ್ಕಿಯಲ್ಲಿರುವುದು ಹತ್ತರ ಆಸುಪಾಸು. ಬೆಳೆಯುವ ಹುಡುಗಿಯರ ಎಲುಬಿಗೆ ಇದಕ್ಕಿಂತ ಬೇರೆ ಶಿಫಾರಸು ಬೇಡ.

ಇನ್ನು ಆಟದ ಮಾತು. ಟೋಕಿಯೋ ನಗರದ ಒಲಿಂಪಿಕ್ ಕ್ರೀಡೆಗಳಲ್ಲಿ ೨೦೨೧ರ ಆಗಸ್ಟ್ ೧ರಂದು, ಕೆಲವೇ ದಿನಗಳ ಹಿಂದೆ ಚಿನ್ನದ ಪದಕ ಗೆದ್ದಿದ್ದ ಇಂಗ್ಲೆಂಡಿನ ಮುಳುಗುಪಟು ಟಾಮ್ ಡೇಲಿ, ಸ್ತ್ರೀಯರ ಪಂದ್ಯವನ್ನು ನೋಡುತ್ತಾ ಪ್ರೇಕ್ಷಕರ ಪೀಠದಲ್ಲಿ ಹೆಣಿಗೆ ಹೆಣೆಯುತ್ತಿದ್ದುದನ್ನು ಲೋಕವೆಲ್ಲಾ ಕಂಡು ಬೆರಗಾಯಿತು. ತನ್ನ ಪದಕಕ್ಕೂ ಆತ ಒಂದು ಚೀಲವನ್ನು ಹೆಣೆದುಕೊಂಡಿದ್ದನು. ಹೊಂಗೆಯ ನೆರಳಿನ ನಮ್ಮ ತಾಯಂದಿರನ್ನು ಕಂಡು ಯಾರೂ ಬೆರಗಾದುದನ್ನು ನಾವರಿಯೆವು! ಆತನು ಹೆಣೆದದ್ದು ತನ್ನ ಸಂತೋಷಕ್ಕಾಗಿ; ಆಟ ನೋಡುವ ಹಕ್ಕನ್ನು ಸಂಪಾದಿಸುವುದಕ್ಕಾಗಿ ಅಲ್ಲ. ಭೇದವಿರುವುದು ಇಲ್ಲಿಯೇ.

ಸ್ತ್ರೀಯರು ಆಡುವ ಆಟವನ್ನು ಸ್ತ್ರೀಯರು ನೋಡುವುದಕ್ಕೆ ನಮ್ಮ ರಾಜ್ಯದಲ್ಲಿ ಒಳ್ಳೆಯ ಪರಂಪರೆಯೇ ಇದೆ. ಭಾರತದ ಸ್ತ್ರೀಯರು ಮೊಟ್ಟಮೊದಲು ಟೆಸ್ಟ್ ಕ್ರಿಕೆಟ್ಟನ್ನು ಆಡಿದುದು ೧೯೭೬ರಲ್ಲಿ ಬೆಂಗಳೂರಿನಲ್ಲಿ, ವೆಸ್ಟ್ ಇಂಡೀಸ್ ತಂಡದ ಎದುರು. ನಾಯಕಿಯಾಗಿದ್ದವರು ಕರ್ನಾಟಕದ ಶಾಂತಾ ರಂಗಸ್ವಾಮಿಯವರು. ೨೦೨೫ರ ನವೆಂಬರ್ ೨ರಂದು ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕವನ್ನು ೫೨ ಓಟಗಳಿಂದ ಸೋಲಿಸಿ ನಮ್ಮವರು ಒಂದು ದಿನದ ಪಂದ್ಯಗಳ ವಿಶ್ವಕಪ್ಪನ್ನು ಮೊದಲ ಸಲ ಗೆದ್ದರು. ಅದೇ ವರ್ಷದ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಖೋಖೋ ವಿಶ್ವಕಪ್ಪಿನಲ್ಲಿ ನಮ್ಮ ಸ್ತ್ರೀಯರು ನೇಪಾಳದವರನ್ನು ೭೮-೪೦ರಿಂದ ಸೋಲಿಸಿದರು. ಆ ತಂಡದ ಬಿ. ಚೈತ್ರಾ ಕುರುಬೂರಿನವರು, ನಮ್ಮ ಚಿಂತಾಮಣಿಯ ಕುರುಬೂರಲ್ಲ, ಮೈಸೂರು ಜಿಲ್ಲೆಯದು. ಆದರೂ ಹೆಸರು ಕೇಳಿ ನಮ್ಮ ಹುಡುಗಿಯರು ಕುಣಿದಾಡಿದುದನ್ನು ನಾವು ತಡೆಯಲಿಲ್ಲ.

ಖೋಖೋ ನೋಡುವವರು ಓಡುವವಳನ್ನೇ ನೋಡುತ್ತಾರೆ; ನೋಡಬೇಕಾದುದು ಕುಳಿತವರನ್ನು. ಎಂಟು ಮಂದಿ ಒಬ್ಬರು ಈ ಕಡೆ, ಮತ್ತೊಬ್ಬರು ಆ ಕಡೆ ಮುಖಮಾಡಿ ಕುಳಿತಿರುವರು, ನಿಟ್ ಪರ್ಲ್‌ಗಳ ಏಣುಪಟ್ಟಿಯಂತೆಯೇ. ಅಟ್ಟುವವಳು ನಡುಗೆರೆಯನ್ನು ದಾಟುವಂತಿಲ್ಲ, ಹಿಂದಿರುಗುವಂತಿಲ್ಲ. ಆದುದರಿಂದ ಯಾರ ಬೆನ್ನಿನ ಮೇಲೆ ಯಾವಾಗ ಖೋ ಬೀಳುವುದೆಂಬುದರಲ್ಲಿಯೇ ಆಟದ ಜೀವವಿರುವುದು. ಬಗ್ಗಿ ಕುಣಿಕೆ ಎಣಿಸುತ್ತಿರುವವರಿಗೆ ಆ ಕ್ಷಣವು ತಪ್ಪಿಹೋಗುತ್ತದೆ.

ದೊಡ್ಡ ಆಟಗಳಿಗೆ ಮಕ್ಕಳನ್ನು ಕರೆದೊಯ್ಯುವವರು ಒಂದು ಮಾತನ್ನು ಮರೆಯಬಾರದು. ೨೦೨೫ರ ಜೂನ್ ೪ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ವಿಜಯೋತ್ಸವದ ನೂಕುನುಗ್ಗಲಿನಲ್ಲಿ ೧೧ ಮಂದಿ ಪ್ರಾಣ ಬಿಟ್ಟರು. ಜನರ ಒತ್ತಡವು ಎದೆಯನ್ನು ಅಮುಕಿ ಉಸಿರು ಕಟ್ಟಿಸುತ್ತದೆ. ಜನ ದಟ್ಟವಾಗುವುದಕ್ಕೆ ಮೊದಲೇ ಅಂಚಿಗೆ ಸರಿಯತಕ್ಕದ್ದು. ಸಿಕ್ಕಿಬಿದ್ದರೆ ಕೈಗಳನ್ನು ಎದೆಯ ಮುಂದೆ ಮಡಿಸಿಕೊಂಡು ನಿಂತಿರಬೇಕು.

ಬೇಥಾನ್ಯದ ಮನೆಯಲ್ಲಿ ಮಾರ್ಥಳು ಅಡುಗೆಯ ಗಡಿಬಿಡಿಯಲ್ಲಿದ್ದಾಗ ಮರಿಯಳು ಬರಿಗೈಯಲ್ಲಿ ಕುಳಿತಿದ್ದಳೆಂಬ ದೂರು ಬಂದಿತಲ್ಲವೆ? ಗುರುವು ಆ ದೂರನ್ನು ಎತ್ತಿಹಿಡಿಯಲಿಲ್ಲ. ಅಷ್ಟೇ ಅಲ್ಲ, ತಿಬೇರಿಯ ಸಮುದ್ರದ ದಡದಲ್ಲಿ, ರಾತ್ರಿಯೆಲ್ಲಾ ಬಲೆಬೀಸಿ ದಣಿದ ಶಿಷ್ಯರಿಗಾಗಿ ಮುಂಜಾನೆ ಕೆಂಡದ ಮೇಲೆ ಮೀನನ್ನಿಟ್ಟು, ರೊಟ್ಟಿಯನ್ನು ಸಿದ್ಧಮಾಡಿ ಊಟಕ್ಕೆ ಕರೆದವನು ಆ ಗುರುವೇ. ಬಯಲಿನ ಅಡುಗೆಯು ಗಂಡಸರಿಗೆ ತಕ್ಕದ್ದಲ್ಲವೆನ್ನುವವರಿಗೆ ನಾವು ಈ ಅಧ್ಯಾಯವನ್ನು ತೋರಿಸುವುದುಂಟು.

ಆದಕಾರಣ ಡೇರೆವಾಸದ ಕಡೆಯ ದಿನ ಮನೆಯವರನ್ನು ಕರೆಯುವಾಗ ನಾವು ಹೇಳುವ ಏರ್ಪಾಡು ಇದು: ಆ ಹೊತ್ತಿನ ಒಲೆಯನ್ನು ತಂದೆಯರಿಗೂ ಅಣ್ಣತಮ್ಮಂದಿರಿಗೂ ಒಪ್ಪಿಸಿ, ಮುದ್ದೆ ಕೋಲನ್ನು ಅವರ ಕೈಗೆ ಕೊಡುವುದು. ತಾಯಂದಿರ ಉಣ್ಣೆಯ ಚೀಲಗಳನ್ನು ಒಂದು ಡೇರೆಯಲ್ಲಿಟ್ಟು, ಖೋಖೋ ಅಂಕಣದ ಬದಿಯಲ್ಲಿ ಅವರಿಗೆ ಜಮಖಾನ ಹಾಸುವುದು. ಮೊದಲ ಮುದ್ದೆಯಲ್ಲಿ ಗಂಟುಗಳು ಬಿದ್ದೇ ಬೀಳುವುವು. ಅದನ್ನು ಚೆಲ್ಲಬೇಕಾದುದಿಲ್ಲ; ಕಿವುಚಿ, ಉಪ್ಪು ಮಜ್ಜಿಗೆ ಹಾಕಿ, ಈರುಳ್ಳಿ ಹೆಚ್ಚಿಹಾಕಿ ಇಟ್ಟರೆ ಮರುದಿನ ಡೇರೆ ಬಿಚ್ಚುವವರ ಬೆಳಗಿನ ಊಟಕ್ಕಾಗುವುದು.