42 ಕೆಬಿಯ ಹೊಟ್ಟೆಯಲ್ಲಿ 45 ಲಕ್ಷ ಜಿಬಿ

ಮಕ್ಕಳ ಕೈಗೆ ಹಾಳೆ, ಪೆನ್ಸಿಲ್ ಕೊಟ್ಟು 16ನ್ನು 16ರಿಂದ ಗುಣಿಸಲು ಹೇಳಿ. 256. ಮತ್ತೆ 16ರಿಂದ, 4,096. ಇನ್ನೊಮ್ಮೆ, 65,536. ಮತ್ತೂ ಒಮ್ಮೆ, 10,48,576.

ಇಂಟರ್ನೆಟ್‌ನಲ್ಲಿ ಬಹಳ ವರ್ಷಗಳಿಂದ ಇರುವ '42.ಜಿಪ್' ಎಂಬ ಫೈಲಿನ ಒಳಗಿರುವುದು ಇದೇ ಲೆಕ್ಕ. ಇಳಿಸಿಕೊಳ್ಳುವಾಗ ಅದರ ಗಾತ್ರ ಬರೀ 42 ಕೆಬಿ. ಫೋನಿನಲ್ಲಿ ತೆಗೆದ ಒಂದು ಫೋಟೊ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಬಿಚ್ಚಿದರೆ 16 ಜಿಪ್ ಫೈಲು, ಒಂದೊಂದರೊಳಗೂ ಮತ್ತೆ 16, ಹೀಗೆ ಐದು ಪದರ. ತಳದಲ್ಲಿ ಸಿಗುವ ಹತ್ತು ಲಕ್ಷಕ್ಕೂ ಮಿಕ್ಕಿದ ಫೈಲುಗಳಲ್ಲಿ ಪ್ರತಿಯೊಂದೂ ನಾಲ್ಕು ಜಿಬಿಗಿಂತ ದೊಡ್ಡದು. ಎಲ್ಲ ಸೇರಿ ಸುಮಾರು 45 ಲಕ್ಷ ಜಿಬಿ. ಅಷ್ಟನ್ನು ತುಂಬಿಡಲು 128 ಜಿಬಿಯ 35 ಸಾವಿರ ಫೋನು ಬೇಕು. ದಿನಕ್ಕೆ 2 ಜಿಬಿ ಡೇಟಾ ಖರ್ಚು ಮಾಡುವವರಿಗೆ ಅದು 6,000 ವರ್ಷ ಕಳೆದರೂ ಮುಗಿಯದು.

ಒಂದೇ ಅಕ್ಷರ ಕೋಟಿ ಸಲ ಬಂದರೆ ಜಿಪ್ ಅದನ್ನು ಕೋಟಿ ಸಲ ಬರೆಯುವುದಿಲ್ಲ. ಎಷ್ಟು ಸಲ ಎಂದು ಗುರುತು ಹಾಕಿಕೊಳ್ಳುತ್ತದೆ. ಜಾಗ ಉಳಿಸುವ ಆ ಒಳ್ಳೆಯ ಉಪಾಯವನ್ನೇ ಇಲ್ಲಿ ಕಂಪ್ಯೂಟರಿನ ಉಸಿರು ಕಟ್ಟಿಸಲು ಬಳಸಲಾಗಿದೆ. 'ಚಿಕ್ಕ ಫೈಲು ತಾನೇ, ಏನಾಗುತ್ತೆ?' ಎಂದು ಕೇಳುವ ಹತ್ತು ವರ್ಷದ ಹುಡುಗಿಗೆ ಬೈಗುಳಕ್ಕಿಂತ ಈ ಗುಣಾಕಾರ ಚೆನ್ನಾಗಿ ನಾಟುತ್ತದೆ ಎಂಬುದು ನನ್ನ ದೃಢ ನಂಬಿಕೆ.

ಗಾತ್ರವನ್ನು ನಂಬುವಂತಿಲ್ಲ ಎಂದಾಯಿತು. ಹೆಸರನ್ನು? 2000ನೇ ಇಸವಿ ಮೇ 4ರಂದು ಫಿಲಿಪೀನ್ಸ್‌ನಿಂದ ಹೊರಟ ಒಂದು ಇಮೇಲ್‌ಗೆ ಪ್ರೇಮಪತ್ರದ ಹೆಸರಿನ ಫೈಲು ಅಂಟಿಕೊಂಡಿತ್ತು. ಹೆಸರಿನ ಕೊನೆಯಲ್ಲಿ 'ಡಾಟ್ ಟಿಎಕ್ಸ್‌ಟಿ' ಕಾಣುತ್ತಿತ್ತು, ಅಂದರೆ ಬರೀ ಓದುವ ಬರಹ. ಅದರಾಚೆ 'ಡಾಟ್ ವಿಬಿಎಸ್' ಎಂಬ ಇನ್ನೊಂದು ಬಾಲವಿತ್ತು, ಅಂದರೆ ತೆರೆದೊಡನೆ ಓಡುವ ಪ್ರೋಗ್ರಾಂ. ವಿಂಡೋಸ್ ಆ ಬಾಲವನ್ನು ಮುಚ್ಚಿಡುತ್ತಿತ್ತು. ನಾವಾಗಿ ಬದಲಿಸದಿದ್ದರೆ ಇಂದಿಗೂ ಮುಚ್ಚಿಡುತ್ತದೆ. ತೆರೆದವರ ಫೋಟೊಗಳು ಅಳಿಸಿಹೋದವು, ಅವರ ವಿಳಾಸಪಟ್ಟಿಯಲ್ಲಿದ್ದ ಎಲ್ಲರಿಗೂ ಅದೇ ಪತ್ರ ಹೋಯಿತು. ಬ್ರಿಟನ್ನಿನ ಸಂಸತ್ತು ತನ್ನ ಇಮೇಲ್ ನಿಲ್ಲಿಸಬೇಕಾಯಿತು. ಲಕ್ಷಗಟ್ಟಲೆ ಕಂಪ್ಯೂಟರುಗಳನ್ನು ಕೆಡಿಸಿದ ಆ ಫೈಲಿನ ತೂಕ ಸುಮಾರು 10 ಕೆಬಿ. ಆದ್ದರಿಂದ ಮನೆಯ ಕಂಪ್ಯೂಟರಿನಲ್ಲಿ ಫೈಲಿನ ಪೂರ್ತಿ ಹೆಸರು ಕಾಣುವಂತೆ ಮಾಡುವುದು ಮೊದಲ ಪಾಠವಾಗಬೇಕು, ಆ ಕೆಲಸವನ್ನು ಮಗುವಿನ ಕೈಯಿಂದಲೇ ಮಾಡಿಸಬೇಕು.

ಈಗ ಅಂಥದೇ ಬಾಲ ವಾಟ್ಸ್‌ಆ್ಯಪ್‌ಗೆ ಬಂದಿದೆ. ಮದುವೆ ಆಮಂತ್ರಣ ಎಂದು ಬರುವ ಫೈಲಿನ ಕೊನೆಯಲ್ಲಿ 'ಡಾಟ್ ಎಪಿಕೆ' ಇದ್ದರೆ ಅದು ಚಿತ್ರವಲ್ಲ, ಆ್ಯಪ್. ಅದರ ಕಣ್ಣು ಎಸ್‌ಎಂಎಸ್‌ನಲ್ಲಿ ಬರುವ ಬ್ಯಾಂಕಿನ ಒಟಿಪಿಯ ಮೇಲೆ. ಆರು ಅಂಕಿಯ ಒಟಿಪಿಯಲ್ಲಿ 10 ಲಕ್ಷ ಸಾಧ್ಯತೆಗಳಿವೆ. ಊಹಿಸಿ ಕದಿಯುವುದು ಆಗದ ಮಾತು. ಎಸ್‌ಎಂಎಸ್ ಓದಲು ನಾವೇ ಒಪ್ಪಿಗೆ ಕೊಟ್ಟ ಆ್ಯಪ್‌ಗೆ ಊಹೆಯ ಅಗತ್ಯವೇ ಇಲ್ಲ. ಲಗ್ನಪತ್ರಿಕೆಗೆ ನಮ್ಮ ಮೆಸೇಜ್ ಓದುವ ಅನುಮತಿ ಯಾಕಪ್ಪಾ ಬೇಕು ಎಂದು ಮಕ್ಕಳನ್ನೇ ಕೇಳಿ ನೋಡಿ. ಅವರು ಥಟ್ಟನೆ ಉತ್ತರ ಹೇಳುತ್ತಾರೆ.